ಅಣುವಿದ್ಯುತ್ ಸ್ಥಾವರಗಳ ಸುರಕ್ಷತೆ: ನಿಯಂತ್ರಣ ಮಂಡಲಿಯೊಂದರ ಇತಿಹಾಸ

ದಿವಾ ಜಂಕ್ಷನ್ನಿನಿಂದ ಮುಂಬಯಿ–ಕಲ್ಯಾಣದ ಹಾದಿಯಲ್ಲದೆ ಇನ್ನೆರಡು ಕವಲುಗಳು ಹೊರಡುತ್ತವೆ. ಒಂದು ಭಿವಂಡಿಯ ಮೇಲೆ ಹಾದು ವಸಯಿಯನ್ನು ಸೇರುತ್ತದೆ. ಅಲ್ಲಿಂದ ಉತ್ತರಕ್ಕೆ ಬೋಯಿಸರದವರೆಗೆ ಸಾಗಿದರೆ ತಾರಾಪುರದ ಅಣುವಿದ್ಯುತ್ ಸ್ಥಾವರ ಸಮೀಪಿಸುತ್ತದೆ. ಇನ್ನೊಂದು ಪನವೇಲ, ರೋಹಾಗಳ ಮೂಲಕ ಕೊಂಕಣ ರೈಲ್ವೆಯನ್ನು ಕೂಡಿಕೊಂಡು ಕಾರವಾರಕ್ಕೆ ಒಯ್ಯುತ್ತದೆ. ಅಲ್ಲಿಂದ ಕಾಳೀನದಿಯ ಜಾಡು ಹಿಡಿದು ಘಟ್ಟದ ಕಡೆಗೆ ನಡೆದರೆ ಕೈಗಾ. ಇತ್ತ ಠಾಣೆಯ ಖಾಡಿಯ ಆಚೆಯ ದಡದಲ್ಲಿ, ಟ್ರಾಂಬೆಯ ಬುಡದಲ್ಲಿರುವ ಅಣುಶಕ್ತಿನಗರದಲ್ಲಿ, ಈ ಎರಡು ಸ್ಥಾವರಗಳನ್ನೂ ದೇಶದ ಇತರ ಸ್ಥಾವರಗಳನ್ನೂ ಪರೀಕ್ಷಿಸಿ ಅನುಮತಿ ನೀಡುವ ಅಣುಶಕ್ತಿ ನಿಯಂತ್ರಣ ಮಂಡಲಿಯ ಕಚೇರಿಯಿದೆ. ಎರಡು ಸ್ಥಳಗಳು ವಿದ್ಯುತ್ತನ್ನು ಉತ್ಪಾದಿಸುವವು, ಮೂರನೆಯದು ಅವುಗಳ ಮೇಲೆ ಕಣ್ಣಿಡುವುದು. ಮೂರೂ ಒಂದೇ ಇತಿಹಾಸದ ಅಂಗಗಳು. ಈ ಮಂಡಲಿ ಹುಟ್ಟಿದ ಬಗೆಯನ್ನೂ, ಅದರ ಅಧಿಕಾರ ಯಾವ ಯಾವ ಅಪಘಾತಗಳ ತರುವಾಯ ಚರ್ಚೆಗೆ ಬಂದಿತೆಂಬುದನ್ನೂ ಪರಾಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲೆಕ್ಕ ಬರೆಯುವ ಕೈಯೂ ಲೆಕ್ಕ ತಪಾಸಿಸುವ ಕೈಯೂ ಒಂದೇ ಆಗಿರಕೂಡದೆಂಬುದು ವ್ಯವಹಾರಜ್ಞರೆಲ್ಲರೂ ಬಲ್ಲ ನಿಯಮ. ಬರೆಯುವವನು ಅಪ್ರಾಮಾಣಿಕನೆಂಬ ಶಂಕೆ ಇದರ ಮೂಲವಲ್ಲ. ತನ್ನ ತಪ್ಪು ತನ್ನ ಕಣ್ಣಿಗೆ ಸುಲಭವಾಗಿ ಬೀಳದೆಂಬ ಅನುಭವವೇ ಇದರ ಮೂಲ. ಅಣುಶಕ್ತಿಯ ಕ್ಷೇತ್ರದಲ್ಲಿ ಈ ನಿಯಮ ಬಹಳ ನಿಧಾನವಾಗಿ ಬೇರೂರಿತು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿಯೂ ಮೊದಲು ಅಣುಶಕ್ತಿಯನ್ನು ಬೆಳೆಸುವ ಹಾಗೂ ನಿಯಂತ್ರಿಸುವ ಕೆಲಸಗಳೆರಡೂ ಒಂದೇ ಆಯೋಗದ ವಶದಲ್ಲಿದ್ದವು. 1974ರ ಶಾಸನ ಆ ಆಯೋಗವನ್ನು ಒಡೆದು, 1975ರ ಜನವರಿಯಿಂದ ನಿಯಂತ್ರಣಕ್ಕೇ ಮೀಸಲಾದ ಪ್ರತ್ಯೇಕ ಆಯೋಗವನ್ನು ಸ್ಥಾಪಿಸಿತು.

ಭಾರತದಲ್ಲಿ ಅಣುಶಕ್ತಿ ಆಯೋಗ 1948ರಲ್ಲಿ ರಚಿತವಾಯಿತು. ಅಣುಶಕ್ತಿ ಇಲಾಖೆ 1954ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳ ನೇರ ಉಸ್ತುವಾರಿಯಲ್ಲಿ ಆರಂಭವಾಯಿತು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರು ಕಾರ್ಯಾರಂಭ ಮಾಡಿತು. 1962ರ ಅಣುಶಕ್ತಿ ಕಾಯಿದೆ ಈ ಸಮಸ್ತ ಕಾರ್ಯವನ್ನೂ ಕೇಂದ್ರ ಸರಕಾರದ ಅಧೀನದಲ್ಲಿ ಇರಿಸಿತು. ಆಗ ಠಾಣೆ ಜಿಲ್ಲೆಗೆ ಸೇರಿದ್ದ, 2014ರಿಂದ ಪಾಲಘರ ಜಿಲ್ಲೆಗೆ ಸೇರಿರುವ ತಾರಾಪುರದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಕಟ್ಟಿಕೊಟ್ಟ ಎರಡು ಘಟಕಗಳು 1969ರ ಅಕ್ಟೋಬರಿನಲ್ಲಿ ವಾಣಿಜ್ಯೋತ್ಪಾದನೆಗೆ ತೊಡಗಿದವು. ಆ ಕಾಲದಲ್ಲಿ ಸ್ಥಾವರವನ್ನು ಕಟ್ಟುವವರೂ ನಡೆಸುವವರೂ ಅದರ ಸುರಕ್ಷತೆಯನ್ನು ಪರಿಶೀಲಿಸುವವರೂ ಒಂದೇ ಇಲಾಖೆಯವರು. ತಜ್ಞರ ಸಂಖ್ಯೆಯೇ ಅಲ್ಪವಾಗಿದ್ದ ಕಾಲದಲ್ಲಿ ಇದು ಅನಿವಾರ್ಯವೂ ಆಗಿದ್ದಿರಬಹುದು. ಆದರೆ ಅನಿವಾರ್ಯತೆಯಿಂದ ಹುಟ್ಟಿದ ವ್ಯವಸ್ಥೆ, ಕಾರಣ ಕಳೆದ ಮೇಲೂ ಅಭ್ಯಾಸಬಲದಿಂದ ಉಳಿದುಕೊಳ್ಳುವುದುಂಟು.

1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡಿನಲ್ಲಿ ರಿಯಾಕ್ಟರೊಂದರ ಗರ್ಭ ಭಾಗಶಃ ಕರಗಿತು. ಅದಾದ ಎರಡು ವರ್ಷಗಳಲ್ಲಿ, ಅಂದರೆ 1981ರಲ್ಲಿ, ಅಣುಶಕ್ತಿ ಇಲಾಖೆ ನೇಮಿಸಿದ್ದ ಮೆಕೋಣಿ ಸಮಿತಿ ನಿಯಂತ್ರಣಕಾರ್ಯದ ಪುನರ್ರಚನೆಯನ್ನು ಕುರಿತು ವರದಿಯನ್ನೊಪ್ಪಿಸಿತು. 1983ರ ನವೆಂಬರ್ 15ರಂದು ರಾಷ್ಟ್ರಪತಿಗಳ ಆಜ್ಞೆಯ ಮೂಲಕ ಅಣುಶಕ್ತಿ ನಿಯಂತ್ರಣ ಮಂಡಲಿ ಜನ್ಮತಾಳಿತು. ಪ್ರಾಧ್ಯಾಪಕ ಎ. ಕೆ. ಡೇ ಅದರ ಪ್ರಥಮಾಧ್ಯಕ್ಷರು. ಆಗ ಅಣುಶಕ್ತಿ ಆಯೋಗದ ಅಧ್ಯಕ್ಷಪದವಿಯಲ್ಲಿದ್ದವರು ತುಮಕೂರು ಸೀಮೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಮಂಡಲಿ ಹುಟ್ಟಿದ್ದು ದೊಡ್ಡ ಹೆಜ್ಜೆಯೇ ಸರಿ. ಆದರೆ ಅದರ ಸ್ಥಾನವನ್ನು ಗಮನಿಸಬೇಕು. ಅದು ಸಂಸತ್ತಿನ ಶಾಸನದಿಂದ ನೇರವಾಗಿ ಹುಟ್ಟಿದ್ದಲ್ಲ, ಸರಕಾರದ ಆಜ್ಞೆಯಿಂದ ಹುಟ್ಟಿದ್ದು. ಅದು ವರದಿಯೊಪ್ಪಿಸಬೇಕಾಗಿದ್ದುದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿಗಳು. 1987ರಲ್ಲಿ ಸ್ಥಾವರಗಳನ್ನು ನಡೆಸಲು ರಚಿತವಾದ ಅಣುವಿದ್ಯುತ್ ನಿಗಮವೂ ಅದೇ ಇಲಾಖೆಗೆ ಸೇರಿದ್ದು. ಹೀಗೆ ಪರೀಕ್ಷಕನೂ ಪರೀಕ್ಷೆಗೊಳಗಾಗುವವನೂ ಕಡೆಗೆ ಒಂದೇ ಮೇಜಿನ ಮುಂದೆ ನಿಲ್ಲಬೇಕಾಗಿತ್ತು.

1986ರ ಏಪ್ರಿಲ್ 26ರಂದು ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಸ್ಥಾವರದಲ್ಲಿ ಆಸ್ಫೋಟವಾದಾಗ ಕರ್ನಾಟಕದಲ್ಲಿ ಕೈಗಾ ಯೋಜನೆಯ ಮಾತು ನಡೆಯುತ್ತಿತ್ತು. ಘಟ್ಟದ ದಟ್ಟಡವಿಯ ನಡುವೆ ಸ್ಥಾವರವೆದ್ದರೆ ಆಗಬಹುದಾದ ಅನರ್ಥಗಳನ್ನು ಕುರಿತು ಉತ್ತರ ಕನ್ನಡದಲ್ಲಿ ಪ್ರಬಲವಾದ ಚಳವಳಿಯೆದ್ದಿತು. ಶಿವರಾಮ ಕಾರಂತರು ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಆ ಕ್ಷೇತ್ರದಿಂದ ನಿಂತರು. ಗೆಲ್ಲಲಿಲ್ಲ, ಆದರೆ ಪ್ರಶ್ನೆಯನ್ನು ಮನೆಮನೆಗೆ ಮುಟ್ಟಿಸಿದರು. ಆ ಕಾಲಕ್ಕೆ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ಬೆಂಗಳೂರಿನವರೇ ಆದ ಎಂ. ಆರ್. ಶ್ರೀನಿವಾಸನ್. ವಾದದ ಎರಡೂ ಪಕ್ಷಗಳಲ್ಲಿ ಕನ್ನಡ ನಾಡಿನ ಘನವಿದ್ವಾಂಸರಿದ್ದರು. ಒಬ್ಬರು ಬೇಡವೆಂದರು, ಮತ್ತೊಬ್ಬರು ಬೇಕೆಂದರು. ಬೇಕೆಂದವರಿಗೂ ಬೇಡವೆಂದವರಿಗೂ ಸಮಾನವಾಗಿ ಅಗತ್ಯವಾಗಿದ್ದುದು ಇಬ್ಬರ ಹಂಗಿನಲ್ಲಿಯೂ ಇಲ್ಲದ ಪರೀಕ್ಷಕ.

ಆ ಅಗತ್ಯ ಎಷ್ಟರದೆಂಬುದನ್ನು ತೋರಿಸಲು ವಿದೇಶದ ದುರಂತ ಬೇಕಾಗಲಿಲ್ಲ. 1993ರ ಮಾರ್ಚ್ 31ರಂದು ಉತ್ತರಪ್ರದೇಶದ ನರೋರಾ ಸ್ಥಾವರದಲ್ಲಿ ಟರ್ಬೈನಿನ ಅಲಗುಗಳು ಮುರಿದು, ಸೋರಿದ ಜಲಜನಕಕ್ಕೆ ಬೆಂಕಿ ಹತ್ತಿ, ವಿದ್ಯುತ್ತಿನ ಕೇಬಲುಗಳು ಸುಟ್ಟುಹೋದವು. ಸುಮಾರು 17 ಗಂಟೆಗಳ ಕಾಲ ಘಟಕಕ್ಕೆ ವಿದ್ಯುತ್ತೇ ಇರಲಿಲ್ಲ. ರಿಯಾಕ್ಟರನ್ನು ನಿಲ್ಲಿಸಿದ ಮಾತ್ರಕ್ಕೆ ಅದರ ಕಾವು ಆರುವುದಿಲ್ಲ. ಇಂಧನದೊಳಗೆ ಹುಟ್ಟಿಕೊಂಡ ವಿಕಿರಣಶೀಲ ದ್ರವ್ಯಗಳು ಕ್ಷಯಿಸುತ್ತ ದಿನಗಟ್ಟಲೆ ಶಾಖವನ್ನು ಹೊರಹಾಕುತ್ತಲೇ ಇರುತ್ತವೆ. ಆದುದರಿಂದ ತಂಪುಗೊಳಿಸುವ ನೀರು ನಿಲ್ಲಕೂಡದು. ಅಂದು ಸಿಬ್ಬಂದಿಯವರು ಬೆಂಕಿ ಆರಿಸಲೆಂದು ಇರಿಸಿದ್ದ ಡೀಸೆಲ್ ಪಂಪುಗಳಿಂದ ನೀರು ಹಾಯಿಸಿ, ಬ್ಯಾಟರಿ ದೀಪಗಳನ್ನು ಹಿಡಿದು ಮೇಲೇರಿ, ಬೋರಾನ್ ದ್ರಾವಣವನ್ನು ರಿಯಾಕ್ಟರಿಗೆ ಕೈಯಾರೆ ಬಿಟ್ಟು ಅನಾಹುತವನ್ನು ತಪ್ಪಿಸಿದರು. ಅವರ ಧೈರ್ಯ ಸ್ತುತ್ಯರ್ಹವಾದುದು. ಆದರೆ ಧೈರ್ಯವನ್ನೇ ನೆಚ್ಚಿ ಸ್ಥಾವರ ನಡೆಸಲಾಗದು.

ಮರುವರ್ಷ, 1994ರ ಮೇ 13ರಂದು, ಕೈಗಾದ ಮೊದಲನೆಯ ಘಟಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದಾಗಲೇ ಒಳಗುಮ್ಮಟದ ಕೆಳಪದರ ಕಳಚಿ ಬಿದ್ದಿತು. ಬಿದ್ದ ಕಾಂಕ್ರೀಟಿನ ತೂಕ ಸುಮಾರು 130 ಟನ್. ಕೆಲವು ಕೆಲಸಗಾರರಿಗೆ ಗಾಯವಾಯಿತು. ಇಂಧನವಿನ್ನೂ ಬಂದಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆಯೇಳಲಿಲ್ಲ. ಆದರೆ ಬಿದ್ದುದು ಸಾಮಾನ್ಯ ಮಾಳಿಗೆಯಲ್ಲ. ರಿಯಾಕ್ಟರಿನಲ್ಲಿ ಏನೇ ಅವಘಡವಾದರೂ ವಿಕಿರಣವನ್ನು ಹೊರಗೆ ಬಿಡದೆ ತಡೆಯಬೇಕಾದ ಕವಚದ ಭಾಗವೇ ಅದು. ಬಾಗಿದ ಗುಮ್ಮಟದಲ್ಲಿ ಉಕ್ಕಿನ ಹಗ್ಗಗಳನ್ನು ಸೇದಿ ಬಿಗಿದಾಗ, ಕಾಂಕ್ರೀಟಿನ ದಪ್ಪದ ದಿಕ್ಕಿನಲ್ಲಿ ಪದರಗಳನ್ನು ಬೇರ್ಪಡಿಸುವ ಎಳೆತ ಹುಟ್ಟುತ್ತದೆ. ಆ ಎಳೆತಕ್ಕೆ ತಕ್ಕ ಕಬ್ಬಿಣದ ಹೊಲಿಗೆ ವಿನ್ಯಾಸದಲ್ಲಿ ಇರಲಿಲ್ಲ. ವಿನ್ಯಾಸವನ್ನು ಬರೆದವರ ಕಣ್ಣಿಗೂ ಒಪ್ಪಿಗೆಯಿತ್ತವರ ಕಣ್ಣಿಗೂ ಈ ಕೊರತೆ ಬೀಳಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಕೂಡಿಕೆಯ ತಪ್ಪು ಬರೆದವನಿಗೂ ತಪಾಸಿಸಿದವನಿಗೂ ಕಾಣದೆ, ಹಣ ಎಣಿಸುವಾಗ ಗೊತ್ತಾದಂತಾಯಿತು.

ತದನಂತರ ನಡೆದುದು ಅಷ್ಟೇ ಗಮನಾರ್ಹವಾದುದು. ವಿಚಾರಣೆಗಳು ನಡೆದವು, ಗುಮ್ಮಟವನ್ನು ಹೊಸದಾಗಿ ವಿನ್ಯಾಸಗೊಳಿಸಿ, ಅಧಿಕ ಬಲದ ಕಾಂಕ್ರೀಟಿನಿಂದ ಮತ್ತೆ ಕಟ್ಟಲಾಯಿತು. ವರ್ಷಗಳ ವಿಳಂಬವಾಯಿತು. ಎರಡನೆಯ ಘಟಕ 2000ದ ಮಾರ್ಚಿನಲ್ಲಿ ಮೊದಲು ವಾಣಿಜ್ಯೋತ್ಪಾದನೆಗಿಳಿದು, ಮೊದಲನೆಯದು ಅದೇ ವರ್ಷದ ನವೆಂಬರಿನಲ್ಲಿ ಅದನ್ನು ಹಿಂಬಾಲಿಸಿತು. ಅದೇ ಮೊದಲನೆಯ ಘಟಕ, ಗುಮ್ಮಟ ಬಿದ್ದ ದಿನಕ್ಕೆ ಸರಿಯಾಗಿ 22 ವರ್ಷಗಳ ತರುವಾಯ, 2016ರ ಮೇ 13ರಂದು ಆರಂಭಿಸಿದ ಓಟವನ್ನು 2018ರ ಡಿಸೆಂಬರ್ 31ರವರೆಗೆ ನಿಲ್ಲಿಸದೆ 962 ದಿನಗಳು ನಡೆಸಿ, ಅಂದಿಗೆ ಲೋಕದಲ್ಲಿಯೇ ಅತ್ಯಧಿಕವೆನಿಸಿತು. ನಿಷ್ಠುರವಾದ ಪರೀಕ್ಷೆ ಉತ್ಪಾದನೆಗೆ ಶತ್ರುವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ.

ಗುಮ್ಮಟ ಬಿದ್ದಾಗ ಮಂಡಲಿಯ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್. ಅವರ ಕಾಲದಲ್ಲಿ, 1995ರಲ್ಲಿ, ದೇಶದ ಅಣುಸ್ಥಾವರಗಳಲ್ಲಿ ಸರಿಪಡಿಸಬೇಕಾದ ಸುಮಾರು 130 ಸುರಕ್ಷಾ ವಿಷಯಗಳ ಪಟ್ಟಿಯನ್ನು ಮಂಡಲಿ ಸಿದ್ಧಪಡಿಸಿತು. 1996ರಲ್ಲಿ ಅಧಿಕಾರಾವಧಿ ಮುಗಿದ ಬಳಿಕ, ಇಲಾಖೆಯ ಹಿಡಿತದಿಂದ ಮಂಡಲಿಯನ್ನು ಬಿಡಿಸದ ಹೊರತು ಅದರ ಮಾತಿಗೆ ಬೆಲೆ ಬಾರದೆಂದು ಅವರು ಬಹಿರಂಗವಾಗಿಯೇ ವಾದಿಸಿದರು.

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ತೀರದಲ್ಲಿ ಮಹಾಭೂಕಂಪವಾಯಿತು. ಫುಕುಶಿಮಾ ದಾಯಿಚಿ ಸ್ಥಾವರದ ರಿಯಾಕ್ಟರುಗಳು ನಿಯಮದಂತೆ ನಿಂತವು. ಆದರೆ ಹಿಂಬಾಲಿಸಿ ಬಂದ ಸಮುದ್ರದಲೆಗಳು ತಗ್ಗಿನಲ್ಲಿದ್ದ ಡೀಸೆಲ್ ಜನರೇಟರುಗಳನ್ನು ಮುಳುಗಿಸಿ, ನೀರು ಹಾಯಿಸಲು ವಿದ್ಯುತ್ತಿಲ್ಲದೆ ಮೂರು ರಿಯಾಕ್ಟರುಗಳ ಗರ್ಭಗಳು ಕರಗಿದವು. ನರೋರಾದಲ್ಲಿ 18 ವರ್ಷಗಳ ಹಿಂದೆ ತಪ್ಪಿದ ಗಂಡಾಂತರವೇ ಅಲ್ಲಿ ಘಟಿಸಿತು. ಜಪಾನಿನ ಸಂಸತ್ತು ನೇಮಿಸಿದ ವಿಚಾರಣಾ ಆಯೋಗ 2012ರಲ್ಲಿ ಇದನ್ನು ಪ್ರಕೃತಿಯ ಕೋಪವೆನ್ನದೆ ಮಾನವಕೃತ ದುರಂತವೆಂದು ಕರೆಯಿತು. ಅಲ್ಲಿಯ ನಿಯಂತ್ರಣ ಸಂಸ್ಥೆ ಅಣುಶಕ್ತಿಯನ್ನು ಪ್ರೋತ್ಸಾಹಿಸುವ ಮಂತ್ರಾಲಯದೊಳಗೇ ಇದ್ದಿತು. ಜಪಾನ್ ಅದನ್ನು ರದ್ದುಪಡಿಸಿ, 2012ರ ಸೆಪ್ಟೆಂಬರಿನಲ್ಲಿ ಸ್ವತಂತ್ರ ಸಂಸ್ಥೆಯನ್ನು ಸ್ಥಾಪಿಸಿತು.

ಭಾರತದಲ್ಲಿ ತಾರಾಪುರದ ಮೊದಲೆರಡು ಘಟಕಗಳು ಫುಕುಶಿಮಾದವುಗಳಂತೆಯೇ ನೀರು ಕುದಿಸುವ ವರ್ಗದವು. ಫುಕುಶಿಮಾದ ಮೊದಲ ಘಟಕಕ್ಕಿಂತ ವಯಸ್ಸಿನಲ್ಲಿ ಹಿರಿಯವು. ಆದುದರಿಂದ ಪರಿಶೀಲನೆ ತಡವಿಲ್ಲದೆ ನಡೆಯಿತು. ಹೊರಗಿನಿಂದ ನೀರು ಹಾಯಿಸಲು ಕೊಳವೆಯ ಬಾಯಿಗಳು, ಒಯ್ದಾಡಿಸಬಹುದಾದ ಜನರೇಟರುಗಳು, ಜಲಜನಕವನ್ನು ನಿರಪಾಯಗೊಳಿಸುವ ಸಾಧನಗಳು ಮೊದಲಾದುವನ್ನು ಅಳವಡಿಸಲು ಮಂಡಲಿ ಸೂಚಿಸಿತು. ಕೈಗಾಕ್ಕೆ ಸಮುದ್ರದ ಅಲೆಯ ಭಯವಿಲ್ಲ. ಆದರೆ ಕಾಳೀನದಿಯ ಮೇಲ್ಭಾಗದಲ್ಲಿ ಕೊಡಸಳ್ಳಿ ಮತ್ತು ಸೂಪಾ ಅಣೆಕಟ್ಟುಗಳಿವೆ; ಅಲ್ಲಿ ಕೇಳಬೇಕಾದ ಪ್ರಶ್ನೆ, ಅಣೆಕಟ್ಟು ಒಡೆದರೆ ನೀರು ಎಷ್ಟು ಎತ್ತರಕ್ಕೇರೀತೆಂಬುದು. ಪರದೇಶದ ಪಾಠವನ್ನು ಅಕ್ಷರಶಃ ಒಪ್ಪಿಸಿದರೆ ಸಾಲದು, ನಮ್ಮ ನೆಲಕ್ಕೆ ಹೊಂದಿಸಿ ಓದಬೇಕೆಂಬುದಕ್ಕೆ ಇದು ನಿದರ್ಶನ.

ಯಂತ್ರಗಳ ತಿದ್ದುಪಾಟು ಹೀಗೆ ಶೀಘ್ರವಾಗಿ ಸಾಗಿತು. ಅಧಿಕಾರದ ತಿದ್ದುಪಾಟು ಸಾಗಲಿಲ್ಲ. 2011ರ ಸೆಪ್ಟೆಂಬರಿನಲ್ಲಿ ನಿಯಂತ್ರಣಕ್ಕೆ ಶಾಸನಬದ್ಧ ಸಂಸ್ಥೆಯನ್ನು ರಚಿಸುವ ಮಸೂದೆ ಲೋಕಸಭೆಯಲ್ಲಿ ಮಂಡಿತವಾಯಿತು. 2012ರಲ್ಲಿ ಭಾರತದ ಮಹಾಲೆಕ್ಕಪರಿಶೋಧಕರು ಮಂಡಲಿಯ ಕಾರ್ಯವನ್ನು ಕುರಿತ ವರದಿಯನ್ನು ಸಂಸತ್ತಿನ ಮುಂದಿಟ್ಟರು. ಮೆಕೋಣಿ ಸಮಿತಿ 1981ರಲ್ಲಿ, ರಾಜಾ ರಾಮಣ್ಣ ಸಮಿತಿ 1987ರಲ್ಲಿ ತ್ವರೆಗೊಳಿಸಲು ಹೇಳಿದ್ದ ಸುರಕ್ಷಾಸಂಹಿತೆ ಮಾರ್ಗಸೂಚಿಗಳ ಪೈಕಿ, ಗುರುತಿಸಲಾಗಿದ್ದ 168ರಲ್ಲಿ 27 ಇನ್ನೂ ಸಿದ್ಧವಾಗಿರಲಿಲ್ಲ. ನಿಯಮೋಲ್ಲಂಘನೆಗೆ ವಿಧಿಸಬಹುದಾಗಿದ್ದ ಗರಿಷ್ಠ ದಂಡ 500 ರೂಪಾಯಿ. ಅದನ್ನು ಹೆಚ್ಚಿಸುವ ಅಧಿಕಾರವೂ ಮಂಡಲಿಗಿರಲಿಲ್ಲ. ಕೋಟ್ಯಂತರ ರೂಪಾಯಿಗಳ ಸ್ಥಾವರವನ್ನು ಶಿಸ್ತಿನಲ್ಲಿಡಬೇಕಾದವನ ಕೈಯಲ್ಲಿದ್ದ ಬೆತ್ತ ಇಷ್ಟು. ಆದರೂ 2014ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆ ಬಿದ್ದುಹೋಯಿತು. 2015ರಲ್ಲಿ ಬಂದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಂಡವೂ ಮಂಡಲಿಯ ಸ್ವಾತಂತ್ರ್ಯವನ್ನು ಕಾನೂನಿನಲ್ಲಿಯೇ ಬರೆಯಬೇಕೆಂದು ಸಲಹೆಯಿತ್ತಿತು.

ಕಡೆಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ‘ಶಾಂತಿ’ ಎಂಬ ಸಂಕ್ಷಿಪ್ತನಾಮದ ಕಾಯಿದೆಯನ್ನು ಅಂಗೀಕರಿಸಿತು. 1962ರ ಕಾಯಿದೆಯ ಸ್ಥಾನದಲ್ಲಿ ನಿಲ್ಲುವ ಈ ಶಾಸನ ಮಂಡಲಿಗೆ ಶಾಸನಬದ್ಧ ಸ್ಥಾನವನ್ನು ಕೊಟ್ಟಿದೆ. ಅದರೊಡನೆಯೇ ಖಾಸಗಿ ಕಂಪನಿಗಳಿಗೂ ಅಣುವಿದ್ಯುತ್ತಿನ ಬಾಗಿಲನ್ನು ತೆರೆದಿದೆ. ಮಂಡಲಿ ಹುಟ್ಟಿದ 42 ವರ್ಷಗಳಿಗೆ ಅದರ ಹೆಸರು ಶಾಸನದಲ್ಲಿ ಬಂದಂತಾಯಿತು. ಆದರೆ ಪರೀಕ್ಷಿಸಬೇಕಾದವರ ಸಂಖ್ಯೆ ಹೆಚ್ಚುವ ಕಾಲದಲ್ಲಿ ಹೆಸರಷ್ಟೇ ಸಾಲದು. ಮಂಡಲಿಯ ಸದಸ್ಯರನ್ನು ಆರಿಸುವವರು ಯಾರು, ತೆಗೆಯುವವರು ಯಾರು, ಅದರ ಹಣದ ಚೀಲದ ದಾರ ಯಾರ ಕೈಯಲ್ಲಿದೆ, ಇಲಾಖೆಯನ್ನು ನೆಚ್ಚದೆ ಗುಮ್ಮಟದ ಲೆಕ್ಕವನ್ನು ತಾನೇ ಮಾಡಬಲ್ಲ ತಜ್ಞರು ಅದರ ಬಳಿ ಎಷ್ಟಿದ್ದಾರೆ, ಅದರ ವರದಿಗಳು ಸಾಮಾನ್ಯರ ಕಣ್ಣಿಗೆ ಬೀಳುವುವೆ — ಇವುಗಳ ಉತ್ತರದಿಂದಲೇ ಅದರ ಸ್ವಾತಂತ್ರ್ಯವನ್ನು ಅಳೆಯಬೇಕಾಗುತ್ತದೆ.

ತ್ರೀ ಮೈಲ್ ಐಲೆಂಡ್ ಮಂಡಲಿಯನ್ನು ಹುಟ್ಟಿಸಿತು; ಫುಕುಶಿಮಾ ಮಸೂದೆಯನ್ನು ಹುಟ್ಟಿಸಿತು. ನರೋರಾ ಮತ್ತು ಕೈಗಾಗಳು ತಮ್ಮ ತಮ್ಮ ಸ್ಥಾವರಗಳ ಯಂತ್ರವನ್ನೂ ಗೋಡೆಯನ್ನೂ ತಿದ್ದಿದವೇ ಹೊರತು ಶಾಸನವನ್ನು ತಿದ್ದಲಿಲ್ಲ. ಕೈಗಾದಲ್ಲಿ ಈಗ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ತಲಾ 700 ಮೆಗಾವಾಟಿನ ಇನ್ನೆರಡು ಯೋಜಿತವಾಗಿವೆ. ಅವುಗಳ ಗುಮ್ಮಟಗಳ ನಕಾಶೆ ಮಂಡಲಿಯ ಮೇಜಿನ ಮೇಲೆ ಬರುವಾಗ, 1994ರ ಮೇ 13ರ ಕಡತವೂ ಅದರ ಪಕ್ಕದಲ್ಲಿ ತೆರೆದಿರುವುದು ಉಚಿತ.