ನಿಂತ ನಾಡಿ

“ಯೋಗಿಗಳು ಎದೆಬಡಿತಾನೇ ನಿಲ್ಲಿಸ್ಬುಡ್ತಾರಂತಲ್ಲ, ದಿಟವಾ ಸಾ?”

ಐದನೆಯ ತರಗತಿಯಲ್ಲಿ ರಕ್ತಪರಿಚಲನೆಯ ಪಾಠ ನಡೆಯುತ್ತಿದ್ದಾಗ ಹುಡುಗನೊಬ್ಬನು ಎದ್ದು ನಿಂತು ಈ ಪ್ರಶ್ನೆಯನ್ನು ಕೇಳಿದನು. ‘ಪಾಠ ಮುಗಿಯಲಿ, ಆಮೇಲೆ ಹೇಳುವೆನು’ ಎಂದು ಅಂದು ಜಾರಿಕೊಂಡೆನು. ನಿಜವಾಗಿ ಹೇಳುವುದಾದರೆ ನನಗೆ ಉತ್ತರವು ತಿಳಿದಿರಲಿಲ್ಲ. ಮಗುವಿನ ಬರಿಯ ಕುತೂಹಲವೆಂದು ಇದನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ನಾನು ಹಿಂದೆ ಕೆಲಸಮಾಡಿದ ಒಂದು ಶಾಲೆಯಲ್ಲಿ, ಯಾರು ಹೆಚ್ಚು ಹೊತ್ತು ಉಸಿರು ಬಿಗಿಹಿಡಿಯುವರೆಂದು ಹುಡುಗರು ಕಟ್ಟಡದ ಹಿಂಬದಿಯಲ್ಲಿ ಪಂದ್ಯ ಹೂಡಿದ್ದರು. ಅವರಲ್ಲಿ ಒಬ್ಬನು ಮುಖ ಬಿಳಿಚಿಕೊಂಡು ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ಹಣೆಯನ್ನು ಒಡೆದುಕೊಂಡನು. ಅವನ ತಲೆಯಲ್ಲಿದ್ದುದೂ ಇದೇ ಮಾತು: ಯೋಗಿಗಳಿಗೆ ಸಾಧ್ಯವಾದುದು ತನಗೇಕೆ ಸಾಧ್ಯವಾಗದು?

ಆ ಮಾತಿನ ಮೂಲವನ್ನು ಹುಡುಕುತ್ತ ಹೊರಟ ನನಗೆ ದೂರದ ಹಿಮಾಲಯದವರೆಗೆ ಹೋಗಬೇಕಾದ ಅಗತ್ಯ ಬೀಳಲಿಲ್ಲ. ನಮ್ಮ ತಿಗನಾರೆಯಿಂದ ಚಾಮರಾಜನಗರದ ಮೇಲೆ ಅರ್ಧ ದಿನದ ಹಾದಿಯಾದ ಮೈಸೂರಿನಲ್ಲಿಯೇ, 1935ರ ಸುಮಾರಿನಲ್ಲಿ, ಈ ಕಥೆಯ ಮುಖ್ಯ ಭಾಗವು ನಡೆದಿದೆ. ಆದರೆ ಅದನ್ನು ಅರಿಯುವ ಮುನ್ನ ಹೃದಯದ ವಿಷಯದಲ್ಲಿ ಹಿಂದಿನವರು ಏನು ತಿಳಿದಿದ್ದರೆಂಬುದನ್ನು ಕೊಂಚ ನೋಡಬೇಕು.

ಹೃದಯವು ತಲೆಕೆಳಗಾದ ಕಮಲದ ಮೊಗ್ಗಿನಂತಿದೆ, ಎಚ್ಚರದಲ್ಲಿ ಅರಳಿ ನಿದ್ದೆಯಲ್ಲಿ ಮುಚ್ಚಿಕೊಳ್ಳುತ್ತದೆ ಎಂದು ಸುಶ್ರುತ ಸಂಹಿತೆಯು ಹೇಳುತ್ತದೆ. ಮಣಿಕಟ್ಟಿನಲ್ಲಿ ಬೆರಳಿಟ್ಟು ನಾಡಿಯನ್ನು ನೋಡುವ ಕ್ರಮವು ಶಾರ್ಙ್ಗಧರ ಸಂಹಿತೆಯಲ್ಲಿ ವಿವರವಾಗಿ ಬಂದಿದೆ. ಪಶ್ಚಿಮದಲ್ಲಿ ಗ್ರೀಕ್ ವೈದ್ಯನಾದ ಗೇಲನ್ ಎರಡನೆಯ ಶತಮಾನದಲ್ಲಿ ಹೇಳಿದುದೇ ಸಾವಿರದ ಮುನ್ನೂರು ವರ್ಷಕ್ಕೂ ಮಿಕ್ಕಿ ವೇದವಾಕ್ಯವಾಗಿತ್ತು. ಆಹಾರದಿಂದ ಯಕೃತ್ತಿನಲ್ಲಿ ರಕ್ತವು ಸದಾ ಹೊಸದಾಗಿ ಹುಟ್ಟುತ್ತದೆ, ಅವಯವಗಳು ಅದನ್ನು ಹೀರಿ ಮುಗಿಸುತ್ತವೆ, ಹೃದಯದ ನಡುಗೋಡೆಯಲ್ಲಿರುವ ಕಾಣದ ರಂಧ್ರಗಳ ಮೂಲಕ ಬಲಗಡೆಯ ರಕ್ತವು ಎಡಗಡೆಗೆ ಜಿನುಗುತ್ತದೆ ಎಂಬುದು ಅವನ ಮತ. ಅಂಥ ರಂಧ್ರಗಳೇ ಇಲ್ಲ, ಬಲಗಡೆಯ ರಕ್ತವು ಶ್ವಾಸಕೋಶವನ್ನು ಹಾಯ್ದೇ ಎಡಕ್ಕೆ ಬರಬೇಕು ಎಂದು ಹದಿಮೂರನೆಯ ಶತಮಾನದ ಅರಬ್ ವೈದ್ಯ ಇಬ್ನ್ ಅಲ್ ನಫೀಸ್ ಬರೆದಿಟ್ಟಿದ್ದನು. ಅವನ ಗ್ರಂಥದ ಈ ಮಾತು ವಿದ್ವಾಂಸರ ಕಣ್ಣಿಗೆ ಮತ್ತೆ ಬಿದ್ದುದು 1924ರಲ್ಲಿ!

ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಪುಟ್ಟ ಗ್ರಂಥವು ಗೇಲನನ ಮತವನ್ನು ಬುಡಮೇಲು ಮಾಡಿತು. ಆ ಗ್ರಂಥದಲ್ಲಿ ಉಪಾಧ್ಯಾಯರಾದ ನಮಗೆ ಅತ್ಯಂತ ಪ್ರಿಯವಾಗಬೇಕಾದುದು ಅವನ ಗಣಿತ. ಅವನ ವಾದವನ್ನು ಇಂದಿನ ಅಂಕೆಗಳಲ್ಲಿ ಹೇಳುವೆನು. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರು ರಕ್ತವನ್ನು ಹೊರಕ್ಕೆ ನೂಕುತ್ತದೆ. ನಿಮಿಷಕ್ಕೆ 72 ಬಡಿತವಾದರೆ 5 ಲೀಟರಿಗೆ ತುಸು ಹೆಚ್ಚಾಯಿತು. ಅರ್ಧ ಗಂಟೆಗೆ 150 ಲೀಟರು! ಯಾವ ಮನುಷ್ಯನು ಅಷ್ಟು ಉಂಡಾನು? ಯಾವ ಯಕೃತ್ತು ಅಷ್ಟು ರಕ್ತವನ್ನು ಕಾಸಿ ಕೊಟ್ಟೀತು? ದೇಹದಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರು. ಅಂದಮೇಲೆ ಹೋದ ರಕ್ತವೇ ತಿರುಗಿ ಬರುತ್ತಿರಬೇಕು, ಬೇರೆ ದಾರಿಯಿಲ್ಲ. ಹಾರ್ವೆ ತೆಗೆದುಕೊಂಡ ಅಂಕೆಗಳು ಇದಕ್ಕಿಂತ ಬಹಳ ಚಿಕ್ಕವು. ಆದರೂ ಫಲಿತಾಂಶವು ಅದೇ ಆಯಿತು. ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ಅಭಿಧಮನಿಯನ್ನು ಬೆರಳಿನಿಂದ ಸವರಿ, ಅದರೊಳಗಿನ ಕವಾಟಗಳು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುವುದನ್ನೂ ಅವನು ತೋರಿಸಿದನು. ಹೊಲದಲ್ಲಿ ದುಡಿದು ನರ ಉಬ್ಬಿದ ಯಾವ ಅಜ್ಜನ ಮುಂಗೈಯಲ್ಲಾದರೂ ನಮ್ಮ ಮಕ್ಕಳು ಇದನ್ನು ನೋಡಬಹುದು. (ನಾವು ‘ನರ’ವೆನ್ನುವ ಆ ನೀಲಿ ಗೆರೆಗಳು ನರಗಳಲ್ಲ, ಅಭಿಧಮನಿಗಳು. ಈ ತಪ್ಪನ್ನು ತಿದ್ದಿ ತಿದ್ದಿ ನನಗೂ ಸಾಕಾಗಿದೆ.) ಅಪಧಮನಿಗಳಿಂದ ಅಭಿಧಮನಿಗಳಿಗೆ ರಕ್ತವನ್ನು ದಾಟಿಸುವ ಕೂದಲೆಳೆಗಿಂತ ಸಪುರವಾದ ನಾಳಗಳು ಮಾತ್ರ ಹಾರ್ವೆಗೆ ಕಾಣಲಿಲ್ಲ. ಅವನು ತೀರಿಹೋದ ನಾಲ್ಕು ವರ್ಷಗಳಿಗೆ, 1661ರಲ್ಲಿ, ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಅವುಗಳನ್ನು ಸೂಕ್ಷ್ಮದರ್ಶಕದಿಂದ ಕಂಡನು.

ಇನ್ನು ಉಸಿರಾಟಕ್ಕೂ ಹೃದಯಕ್ಕೂ ಇರುವ ನಂಟು. ನಮ್ಮ ಕಥೆಯ ಕೀಲಿಕೈ ಇಲ್ಲಿಯೇ ಇರುವುದರಿಂದ ವಾಚಕರು ತುಸು ನಿಧಾನವಾಗಿ ಗಮನಿಸಬೇಕು. ಉಸಿರನ್ನು ಒಳಗೆಳೆದುಕೊಳ್ಳುವಾಗ ವಪೆಯು ಕೆಳಕ್ಕಿಳಿದು ಪಕ್ಕೆಲುಬುಗಳು ಮೇಲೇಳುತ್ತವೆ. ಎದೆಗೂಡು ಅಗಲವಾಗಿ ಅದರೊಳಗಿನ ಒತ್ತಡವು ತಗ್ಗುತ್ತದೆ. ಗಾಳಿಯು ಶ್ವಾಸಕೋಶಕ್ಕೆ ನುಗ್ಗುವುದು ಇದರಿಂದಲೇ. ಆದರೆ ಗಾಳಿಯೊಂದೇ ಅಲ್ಲ, ಕೈಕಾಲು ಹೊಟ್ಟೆಗಳಿಂದ ಬರುವ ಅಭಿಧಮನಿಯ ರಕ್ತವೂ ಅದೇ ಸೆಳೆತಕ್ಕೆ ಸಿಕ್ಕಿ ಎದೆಯ ಕಡೆಗೆ ಬೇಗನೆ ಹರಿದು ಬಲ ಹೃತ್ಕರ್ಣವನ್ನು ತುಂಬುತ್ತದೆ. ಅಭಿಧಮನಿಗಳಲ್ಲಿರುವ ಒತ್ತಡವು ಬಹಳ ಅಲ್ಪ. ಈಗ ಇದಕ್ಕೆ ವಿರುದ್ಧವಾಗಿ, ಉಸಿರು ತುಂಬಿಕೊಂಡು, ಗಂಟಲ ದ್ವಾರವನ್ನು ಮುಚ್ಚಿ, ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಲವಾಗಿ ಬಿಗಿದರೆ ಏನಾದೀತು? ಎದೆಯೊಳಗಿನ ಒತ್ತಡವು ಅಭಿಧಮನಿಗಳ ಒತ್ತಡವನ್ನು ಮೀರುತ್ತದೆ. ತೂಬು ಮುಚ್ಚಿದ ಕೆರೆಯಂತೆ ರಕ್ತವು ಎದೆಯ ಹೊರಗೆಯೇ ತಂಗುತ್ತದೆ. ಕುತ್ತಿಗೆಯ ಅಭಿಧಮನಿಗಳು ಉಬ್ಬುತ್ತವೆ. ಹೃದಯಕ್ಕೆ ಬರುವ ರಕ್ತವು ಕಡಿಮೆಯಾದಮೇಲೆ ಅದು ಹೊರಕ್ಕೆ ಕಳಿಸುವ ರಕ್ತವೂ ಕಡಿಮೆಯೇ. ನಾಡಿಯು ಎಳೆಯಷ್ಟು ತೆಳುವಾಗಿ ಬೆರಳಿಗೆ ಸಿಕ್ಕದೆ ಹೋಗುತ್ತದೆ.

ಇದನ್ನು ಜರ್ಮನಿಯ ಲೈಪ್‌ಜಿಗ್ ನಗರದ ಎಡುವರ್ಡ್ ವೇಬರ್ ಎಂಬ ಪ್ರಾಧ್ಯಾಪಕನು ತನ್ನ ಮೇಲೆಯೇ ಪ್ರಯೋಗಿಸಿ 1851ರಲ್ಲಿ ಪ್ರಕಟಿಸಿದನು. ಇವನು ಸಾಮಾನ್ಯನಲ್ಲ. ಮಿದುಳಿನಿಂದ ಇಳಿದುಬರುವ ವೇಗಸ್ ಎಂಬ ನರವನ್ನು ಪ್ರಚೋದಿಸಿದರೆ ಹೃದಯದ ಬಡಿತವು ಮಂದವಾಗುವುದೆಂದು ಅಣ್ಣನೊಡನೆ ಕೂಡಿ 1845ರಲ್ಲಿ ತೋರಿಸಿದ್ದವನು. ಉಸಿರು ಬಿಗಿದು ಎದೆಯನ್ನು ಒತ್ತಿದಾಗ ತನ್ನ ನಾಡಿಯೂ ಹೃದಯದ ಸದ್ದೂ ಅಡಗಿದುದನ್ನು ಅವನು ಕಂಡನು. ಒಮ್ಮೆ ಕೊಂಚ ಹೆಚ್ಚು ಹೊತ್ತು ಬಿಗಿದು ಎಚ್ಚರ ತಪ್ಪಿದನು, ಅವನ ಮುಖದ ಸ್ನಾಯುಗಳು ಸೆಳೆದುಕೊಂಡವು. ಯೋಗಾಭ್ಯಾಸದ ಗಂಧವೂ ಇಲ್ಲದ ಒಬ್ಬ ಜರ್ಮನ್ ಪ್ರಾಧ್ಯಾಪಕನು ಒಂದೇ ಪ್ರಯತ್ನದಲ್ಲಿ ನಾಡಿಯನ್ನು ನಿಲ್ಲಿಸಬಲ್ಲವನಾದನೆಂಬುದನ್ನು ನೆನಪಿಟ್ಟುಕೊಂಡು ಮೈಸೂರಿಗೆ ಬರೋಣ.

ನಾಲ್ಮಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯೊಂದು ಆರಂಭವಾಯಿತು. ಅದರ ಆಚಾರ್ಯರು ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು. ಇಂದು ಪ್ರಪಂಚದ ದೊಡ್ಡ ನಗರಗಳಲ್ಲೆಲ್ಲ ನಡೆಯುವ ಆಸನಾಭ್ಯಾಸದ ಬೇರುಗಳಲ್ಲಿ ಬಹುಪಾಲು ಈ ಶಾಲೆಯಲ್ಲಿವೆ. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್, ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸ್ ಇಬ್ಬರೂ ಇವರ ಶಿಷ್ಯರು. ಆಚಾರ್ಯರು 1934ರಲ್ಲಿ ‘ಯೋಗಮಕರಂದ’ವನ್ನು ಬರೆದುದು ಕನ್ನಡದಲ್ಲಿ. ಈ ಸಂಗತಿಯು ಕನ್ನಡಿಗರಲ್ಲಿಯೇ ಎಷ್ಟೋ ಮಂದಿಗೆ ತಿಳಿಯದಿರುವುದು ಸೋಜಿಗ.

ಆ ದಿನಗಳಲ್ಲಿ ತೆರೇಸ್ ಬ್ರಾಸ್ ಎಂಬ ಫ್ರೆಂಚ್ ಹೃದಯವೈದ್ಯೆಯು ಭಾರತಕ್ಕೆ ಬಂದರು. ಅವರೊಡನೆ ಹೃದಯದ ವಿದ್ಯುಲ್ಲೇಖವನ್ನು ತೆಗೆಯುವ ಯಂತ್ರವಿತ್ತು. ಹೃದಯವು ಬಡಿಯುವಾಗಲೆಲ್ಲ ಅದರಲ್ಲಿ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಕಾಗದದ ಮೇಲೆ ಅಲೆಗಳಾಗಿ ಬರೆಯುವ ವಿದ್ಯೆಯನ್ನು ಹಾಲೆಂಡಿನ ಐಂಥೋವನ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸಿದ್ಧಿಸಿಕೊಂಡಿದ್ದರು. ಅದಕ್ಕಾಗಿ 1924ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಅವರ ಮೊದಲ ಯಂತ್ರವು ಒಂದು ಕೋಣೆಯನ್ನೇ ತುಂಬುತ್ತಿತ್ತು. ಮೂವತ್ತು ವರ್ಷಗಳಲ್ಲಿ ಅದು ಪ್ರಯಾಣದಲ್ಲಿ ಹೊತ್ತೊಯ್ಯುವಷ್ಟು ಚಿಕ್ಕದಾಗಿತ್ತು. ಬ್ರಾಸ್ ಅವರು ನಾಡಿ, ಉಸಿರು, ವಿದ್ಯುಲ್ಲೇಖ ಮೂರನ್ನೂ ಏಕಕಾಲದಲ್ಲಿ ಬರೆದುಕೊಂಡರು. ಕೃಷ್ಣಮಾಚಾರ್ಯರನ್ನು ಪರೀಕ್ಷಿಸಿದಾಗ ನಾಡಿಯು ಅಡಗಿತು. ವಿದ್ಯುಲ್ಲೇಖದ ಅಲೆಗಳೂ ಕುಗ್ಗಿ ಕುಗ್ಗಿ ಹೆಚ್ಚುಕಡಿಮೆ ಇಲ್ಲವಾದಂತೆ ತೋರಿದುವು. ಈ ವರದಿಯು 1936ರಲ್ಲಿ ಫ್ರಾನ್ಸಿನ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಮೈಸೂರಿನ ಯೋಗಿಯು ಹೃದಯವನ್ನು ನಿಲ್ಲಿಸಿದನೆಂಬ ವಾರ್ತೆಯು ಊರಿಂದೂರಿಗೆ, ಪುಸ್ತಕದಿಂದ ಪುಸ್ತಕಕ್ಕೆ ಹಬ್ಬಿ, ಕಡೆಗೆ ನಮ್ಮ ಬೆಟ್ಟದ ಹುಡುಗನ ಬಾಯಿಗೂ ಬಂದಿತು.

ಒಬ್ಬನು ಕಂಡುದನ್ನು ಇನ್ನೊಬ್ಬನು ತಿರುಗಿ ನೋಡುವುದೇ ವಿಜ್ಞಾನದ ಪದ್ಧತಿಯಷ್ಟೆ. ಇಪ್ಪತ್ತೆರಡು ವರ್ಷಗಳ ತರುವಾಯ, 1957ರಲ್ಲಿ, ಅಮೆರಿಕದಿಂದ ವೆಂಗರ್ ಮತ್ತು ಬಾಗ್ಚಿ ಎಂಬ ಇಬ್ಬರು ಸಂಶೋಧಕರು ಬಂದರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಡಾ. ಆನಂದ್ ಅವರನ್ನು ಕೂಡಿಕೊಂಡರು. ಹೃದಯವನ್ನೋ ನಾಡಿಯನ್ನೋ ಹಿಡಿತದಲ್ಲಿಟ್ಟಿರುವೆವೆಂದ ನಾಲ್ವರು ಯೋಗಾಭ್ಯಾಸಿಗಳನ್ನು ಪರೀಕ್ಷಿಸಿದರು. ಆ ವೇಳೆಗೆ ಮೈಸೂರಿನ ಯೋಗಶಾಲೆಯು ಮುಚ್ಚಿ ಆಚಾರ್ಯರು ಮದರಾಸಿನಲ್ಲಿ ನೆಲಸಿದ್ದರು. ಬ್ರಾಸ್ ಅವರ ವರದಿಯಲ್ಲಿದ್ದ ಅವರೂ ಈ ನಾಲ್ವರಲ್ಲಿ ಒಬ್ಬರು. ವಯಸ್ಸು ಎಪ್ಪತ್ತನ್ನು ಸಮೀಪಿಸಿದ್ದರೂ ಎರಡನೆಯ ಸಲ ಯಂತ್ರದ ಮುಂದೆ ಕುಳಿತ ಅವರ ಧೈರ್ಯವನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ಕೀರ್ತಿ ಬಂದಮೇಲೆ ಮರುಪರೀಕ್ಷೆಗೆ ಒಡ್ಡಿಕೊಳ್ಳುವವರು ವಿರಳ.

ಆ ಪರೀಕ್ಷೆಯ ಫಲವು 1961ರಲ್ಲಿ ಹೊರಬಂದಿತು. ನಿಲ್ಲಿಸುವೆವೆಂದ ಮೂವರೂ ಮಾಡಿದುದು ಒಂದೇ ಬಗೆ: ಉಸಿರನ್ನು ತಡೆದು, ಗಂಟಲನ್ನು ಮುಚ್ಚಿ, ಎದೆ ಹೊಟ್ಟೆಗಳನ್ನು ಬಿಗಿದರು. ಮಣಿಕಟ್ಟಿನ ನಾಡಿಯು ಬೆರಳಿಗೆ ಸಿಕ್ಕದಾಯಿತು. ಹೃದಯದ ಸದ್ದು ಕ್ಷೀಣವಾಗಿ ಸ್ನಾಯುಗಳ ಮತ್ತು ಉಸಿರಿನ ಸದ್ದಿನಲ್ಲಿ ಮುಳುಗಿಹೋಯಿತು. ಆದರೆ ಬೆರಳ ತುದಿಯ ರಕ್ತದ ಏರಿಳಿತವನ್ನು ಬಹುವಾಗಿ ಹಿಗ್ಗಿಸಿ ತೋರಿಸುವ ಯಂತ್ರದಲ್ಲಿ ನಾಡಿಯ ಅಲೆಗಳು ಬರುತ್ತಲೇ ಇದ್ದುವು. ವಿದ್ಯುಲ್ಲೇಖವು ಹೃದಯದ ಸಂಕೋಚನವನ್ನು ಬರೆಯುತ್ತಲೇ ಇತ್ತು. ಹಾಗಾದರೆ ಬ್ರಾಸ್ ಅವರ ಲೇಖದಲ್ಲಿ ಅಲೆಗಳು ಏಕೆ ಕುಗ್ಗಿದುವು? ಅವರ ವರದಿಯು ಆಧರಿಸಿದ್ದುದು ಒಂದೇ ಜೋಡಣೆಯ ಲೇಖವನ್ನು. ಎದೆಗೂಡಿನ ಆಕಾರವೂ ವಪೆಯ ಸ್ಥಾನವೂ ಬದಲಾದರೆ ಹೃದಯವು ಕೊಂಚ ಹೊರಳುತ್ತದೆ, ವಿದ್ಯುತ್ತಿನ ದಿಕ್ಕೂ ಹೊರಳುತ್ತದೆ. ಒಂದು ಕಿಟಕಿಯಿಂದ ಕಾಣದಾದವನು ಮನೆಯಲ್ಲಿ ಇಲ್ಲವೆಂದು ಹೇಳಲಾಗುವುದೆ? ಇನ್ನೊಂದು ಕಿಟಕಿಯಿಂದಲೂ ಇಣಿಕಬೇಕು.

ನಮ್ಮ ಊರುಗಳ ಕೈಪಂಪನ್ನು ನೆನೆದರೆ ಮಕ್ಕಳಿಗೂ ಇದು ಸುಲಭವಾಗಿ ತಿಳಿದೀತು. ಬೇಸಗೆಯಲ್ಲಿ ನೀರು ಕೆಳಗಿಳಿದಾಗ ಹಿಡಿಯನ್ನು ಎಷ್ಟು ಆಡಿಸಿದರೂ ಕೊಡಕ್ಕೆ ನೀರು ಬೀಳದು. ಬೀದಿಯಲ್ಲಿ ಕೊಡವನ್ನು ಮಾತ್ರ ನೋಡಿದವನು ಪಂಪು ನಿಂತಿದೆಯೆನ್ನುವನು. ಹಿಡಿಯನ್ನು ಹಿಡಿದವಳ ತೋಳಿಗೆ ಗೊತ್ತು, ಅದು ನಿಂತಿಲ್ಲ. ನಾಡಿಯು ಕೊಡಕ್ಕೆ ಬೀಳುವ ನೀರು. ವಿದ್ಯುಲ್ಲೇಖವು ಹಿಡಿಯ ಆಟ.

ಯೋಗಿಗಳು ಮೋಸಮಾಡಿದರೆಂದು ಇದರಿಂದ ಯಾರೂ ತಿಳಿಯಬಾರದು. ನಾಡಿ ಅಡಗಿದುದು ಸುಳ್ಳಲ್ಲ, ನೋಡಿದ ವೈದ್ಯರ ಬೆರಳೂ ಅದನ್ನೇ ಹೇಳಿತು. ತಪ್ಪಿದುದು ನಾಡಿಯಿಂದ ಹೃದಯಕ್ಕೆ ಹಾರಿದ ತರ್ಕದಲ್ಲಿ. ಇನ್ನು ನಾಲ್ಕನೆಯವನ ಮಾತೇ ಬೇರೆ. ಅವನು ಹೃದಯವನ್ನು ನಿಲ್ಲಿಸುವೆನೆನ್ನಲಿಲ್ಲ, ನಿಧಾನಗೊಳಿಸುವೆನೆಂದನು. ಅವನ ವಿದ್ಯುಲ್ಲೇಖದಲ್ಲಿ ಎದ್ದು ಕಾಣುವಂಥ ಬದಲಾವಣೆಗಳಾದುವು. ಹೃತ್ಕರ್ಣಗಳ ಕೆಲಸವನ್ನು ಸೂಚಿಸುವ ಅಲೆಯು ಕೆಲವು ಬಡಿತಗಳಲ್ಲಿ ಕಾಣಲೇ ಇಲ್ಲ. ಕಡಿಮೆ ಹೇಳಿಕೊಂಡವನೇ ಹೆಚ್ಚು ಮಾಡಿ ತೋರಿಸಿದನೆನ್ನಬೇಕು. ಸ್ವಾಮಿ ರಾಮ ಎಂಬವರನ್ನು 1970ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದಾಗಲೂ ಹೃದಯವು ನಿಲ್ಲಲಿಲ್ಲ. ಅದು ನಿಮಿಷಕ್ಕೆ 300ರ ವೇಗದಲ್ಲಿ ಹದಿನೇಳು ಸೆಕೆಂಡುಗಳ ಕಾಲ ಅದುರಿತು. ಅಷ್ಟು ವೇಗದಲ್ಲಿ ಹೃದಯಕ್ಕೆ ತುಂಬಿಕೊಳ್ಳಲು ಬಿಡುವೆಲ್ಲಿ? ಹೊರಗೆ ನಾಡಿಯಿಲ್ಲ, ಒಳಗೆ ಅತಿಯಾದ ಓಟ!

ಆಸನ ಪ್ರಾಣಾಯಾಮಗಳ ಹಿರಿಮೆಯು ಈ ಬಗೆಯ ಪ್ರದರ್ಶನಗಳನ್ನು ನೆಚ್ಚಿಕೊಂಡಿಲ್ಲ. ನಮ್ಮ ದೊಡ್ಡಗಾಜನೂರಿನ ನಂಟಿನ ರಾಜ್‌ಕುಮಾರ್ 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಮಾಡಿ ತೋರಿಸಿದ ಆಸನಗಳನ್ನು ಕಂಡು ಈ ಸೀಮೆಯಲ್ಲಿ ಚಾಪೆ ಹಾಸಿದವರು ಹಲವರುಂಟು. ಅವರು ಕೆಡುಕೇನನ್ನೂ ಮಾಡಿಕೊಳ್ಳಲಿಲ್ಲ. ಉಸಿರು ಬಿಗಿಯುವ ಪಂದ್ಯವು ಹಾಗಲ್ಲ. ಎದೆಗೆ ರಕ್ತ ಬಾರದಿದ್ದರೆ ಮಿದುಳಿಗೂ ರಕ್ತ ಹೋಗದು. ವೇಬರನಿಗೆ ಎಚ್ಚರ ತಪ್ಪಿದುದೂ ಆ ಹುಡುಗನು ಮೆಟ್ಟಿಲ ಮೇಲೆ ಬಿದ್ದುದೂ ಒಂದೇ ಕಾರಣದಿಂದ.

ಮರುವಾರ ತರಗತಿಯಲ್ಲಿ ಆ ಪ್ರಶ್ನೆಯನ್ನು ನಾನೇ ಎತ್ತಿಕೊಂಡು ಇಷ್ಟನ್ನೂ ಸರಳವಾಗಿ ಹೇಳಿದೆನು. ಬಳಿಕ ಒಬ್ಬೊಬ್ಬರೂ ಪಕ್ಕದವರ ಮಣಿಕಟ್ಟನ್ನು ಹಿಡಿದು, ನಾನು ಗಡಿಯಾರ ನೋಡಿ ‘ನಿಲ್ಲಿಸಿ’ ಎನ್ನುವವರೆಗೆ ಎಣಿಸಿದರು. ಅಂಗಳವನ್ನು ಎರಡು ಸುತ್ತು ಓಡಿಬಂದು ಮತ್ತೆ ಎಣಿಸಿದರು. ಎರಡು ಅಂಕೆಗಳನ್ನೂ ಹಲಗೆಯ ಮೇಲೆ ಬರೆದೆವು. ಪ್ರಶ್ನೆ ಕೇಳಿದ ಹುಡುಗನು ಮಾತ್ರ ಏದುಸಿರು ಬಿಡುತ್ತಲೇ ಇನ್ನೊಂದನ್ನು ಕೇಳಿದನು: “ಆ ನಾಕನೇ ಯೋಗಿ ಅದ ಹೆಂಗ್ ಮಾಡುದ್ರು ಸಾ?” ಸ್ನಾಯುಗಳ ಯಾವುದೋ ಉಪಾಯವಿರಬೇಕೆಂದು ಪರೀಕ್ಷಿಸಿದವರು ಊಹಿಸಿದರು, ಅದು ಹೇಗೆಂದು ಅವರಿಗೂ ಖಚಿತವಾಗಲಿಲ್ಲ ಎಂದೆನು. ಅವನು ತನ್ನ ಮಣಿಕಟ್ಟನ್ನು ಹಿಡಿದುಕೊಂಡೇ ಹೋಗಿ ಕುಳಿತನು.