ಪಿಕಪ್ ವಾಹನದ ಚಾಲನಾ ಸರಣಿಯ ಬಡಿತ

ಚಾಲನಾ ಸರಣಿಯ ಬಡಿತ ಎಂದರೆ ಗೇರ್ ಬದಲಿಸಿದಾಗ, ಆಕ್ಸಿಲರೇಟರನ್ನು ಒತ್ತಿದಾಗ ಅಥವಾ ಬಿಟ್ಟಾಗ, ಇಲ್ಲವೇ ನಿಂತ ವಾಹನ ಹೊರಡುವಾಗ ಅದರ ಅಡಿಭಾಗದಿಂದ ಕೇಳಿಬರುವ, ಲೋಹಕ್ಕೆ ಲೋಹ ತಗುಲಿದಂತಹ ಒಂಟಿ ಸದ್ದು. ಗೇರ್‌ಬಾಕ್ಸ್‌ನಿಂದ ಚಕ್ರಗಳವರೆಗೆ ಎಂಜಿನ್ನಿನ ಶಕ್ತಿಯನ್ನು ಒಯ್ಯುವ ಭಾಗಗಳಲ್ಲಿ ಎಲ್ಲೋ ಒಂದೆಡೆ ಸಡಿಲ ಹೆಚ್ಚಿರುವುದನ್ನು ಇದು ಸಾಮಾನ್ಯವಾಗಿ ಸೂಚಿಸುತ್ತದೆ. ಎಂಜಿನ್ ಮುಂದಿದ್ದು ಹಿಂದಿನ ಚಕ್ರಗಳು ಚಲಿಸುವ ಪಿಕಪ್ ವಾಹನಗಳಲ್ಲಿ ಈ ದೂರು ಹೆಚ್ಚು. ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಅದರ ಎರಡು ಅಥವಾ ಮೂರು ಯೂನಿವರ್ಸಲ್ ಜಾಯಿಂಟ್‌ಗಳು, ಹಿಂದಿನ ಅಚ್ಚಿನ ಡಿಫರೆನ್ಷಿಯಲ್ ಮತ್ತು ಕಮಾನು ಪಟ್ಟಿಗಳು ಇಂತಹ ವಾಹನದಲ್ಲಿ ಒಂದರ ಹಿಂದೊಂದು ಜೋಡಣೆಗೊಂಡಿರುತ್ತವೆ. ಹೊರೆ ಹೊತ್ತಾಗ ಮತ್ತು ಖಾಲಿ ಇದ್ದಾಗ ಹಿಂಭಾಗದ ಎತ್ತರ ಬದಲಾಗುವುದರಿಂದ ಜಾಯಿಂಟ್‌ಗಳ ಕೋನವೂ ಪದೇ ಪದೇ ಬದಲಾಗುತ್ತದೆ.

ಸದ್ದು ಹುಟ್ಟುವ ಬಗೆ

ಹಲ್ಲಿಗೆ ಹಲ್ಲು ಕೂಡಿ ತಿರುಗುವ ಯಾವುದೇ ಯಂತ್ರದಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಇಲ್ಲದಿದ್ದರೆ ಎಣ್ಣೆಯ ಪದರಕ್ಕೆ ಸ್ಥಳವಿಲ್ಲದೆ, ಬಿಸಿಯಾದಾಗ ಹಿಗ್ಗಲು ಅವಕಾಶವಿಲ್ಲದೆ ಹಲ್ಲುಗಳು ಬೇಗನೆ ಸವೆಯುತ್ತವೆ. ಎಂಜಿನ್ ಚಕ್ರಗಳನ್ನು ಎಳೆಯುವಾಗ ಹಲ್ಲಿನ ಒಂದು ಮುಖ ಒತ್ತಿಕೊಂಡಿರುತ್ತದೆ. ಆಕ್ಸಿಲರೇಟರನ್ನು ಬಿಟ್ಟೊಡನೆ ಚಕ್ರಗಳೇ ಎಂಜಿನ್ನನ್ನು ತಿರುಗಿಸತೊಡಗುತ್ತವೆ, ಒತ್ತಡ ಇನ್ನೊಂದು ಮುಖಕ್ಕೆ ದಾಟುತ್ತದೆ. ಈ ದಾಟುವಿಕೆಯಲ್ಲಿ ಇಡೀ ಸರಣಿಯ ಸಡಿಲವೆಲ್ಲ ಕೂಡಿಕೊಂಡು ಒಮ್ಮೆಲೇ ಮುಚ್ಚಿಕೊಳ್ಳುವುದರಿಂದ ಬಡಿತ ಕೇಳಿಸುತ್ತದೆ. ಹೀಗಾಗಿ ಪ್ರತಿಯೊಂದು ಭಾಗವೂ ತನ್ನ ಮಿತಿಯೊಳಗೇ ಇದ್ದರೂ ಹಳೆಯ ವಾಹನವೊಂದು ಮೆಲ್ಲಗೆ ಬಡಿಯಬಹುದು.

ಕಿವಿಯನ್ನು ಮಾತ್ರ ನಂಬಿದರೆ ಈ ಸದ್ದಿನ ಮೂಲ ತಿಳಿಯುವುದು ಕಷ್ಟ. ಪ್ರೊಪೆಲ್ಲರ್ ಶಾಫ್ಟ್ ಟೊಳ್ಳಾದ ಉಕ್ಕಿನ ಕೊಳವೆ. ಅದರ ಒಂದು ತುದಿಯ ಪೆಟ್ಟು ಗಂಟೆಯ ನಾದದಂತೆ ಇನ್ನೊಂದು ತುದಿಯಲ್ಲೂ ಕೇಳಿಸುತ್ತದೆ. ಗೇರ್‌ಬಾಕ್ಸ್ ಪಕ್ಕದ ಜಾಯಿಂಟ್ ಸವೆದಿದ್ದರೂ ಚಾಲಕನಿಗೆ ಹಿಂದಿನ ಅಚ್ಚೇ ಬಡಿದಂತೆ ಅನ್ನಿಸಬಹುದು. ಆದ್ದರಿಂದ ಸದ್ದು ಎಲ್ಲಿಂದ ಬಂತು ಎನ್ನುವುದಕ್ಕಿಂತ ಯಾವಾಗ ಬಂತು ಎನ್ನುವುದು ಹೆಚ್ಚು ಉಪಯುಕ್ತ ಸುಳಿವು.

ಯೂನಿವರ್ಸಲ್ ಜಾಯಿಂಟ್

ಕೋನದಲ್ಲಿರುವ ಎರಡು ದಂಡಗಳ ನಡುವೆ ತಿರುಗುವಿಕೆಯನ್ನು ದಾಟಿಸುವ ಈ ಜೋಡಣೆಯೊಂದಿಗೆ 16ನೆಯ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೊ ಮತ್ತು 17ನೆಯ ಶತಮಾನದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಅವರ ಹೆಸರುಗಳು ಕೂಡಿಕೊಂಡಿವೆ. ಮೋಟಾರು ವಾಹನಕ್ಕೆ ಒಗ್ಗುವ ರೂಪಕ್ಕೆ ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ಪೇಟೆಂಟ್ ಪಡೆದರು. ನಡುವೆ ಕೂಡುಚಿಹ್ನೆಯ ಆಕಾರದ ತುಂಡು, ಅದರ ನಾಲ್ಕು ತುದಿಗಳಿಗೆ ಸೂಜಿಯಂತಹ ರೋಲರ್‌ಗಳುಳ್ಳ ಬಟ್ಟಲುಗಳು, ಎರಡು ಬದಿಗೆ ಯೋಕ್‌ಗಳು ಇದರ ರಚನೆ. ಆ ಆಕಾರದಿಂದಲೇ ಕರ್ನಾಟಕದ ಗ್ಯಾರೇಜುಗಳಲ್ಲಿ ಇದಕ್ಕೆ ‘ಕ್ರಾಸ್’ ಎಂಬ ಹೆಸರು ಬಂದಿದೆ.

ಗ್ರೀಸ್ ಒಣಗಿದಾಗ ಅಥವಾ ಸೀಲ್ ಹರಿದು ನೀರು ಸೇರಿದಾಗ ರೋಲರ್‌ಗಳು ಕ್ರಾಸ್‌ನ ತೋಳುಗಳ ಮೇಲೆ ಗೀರುಗಳನ್ನು ಕೊರೆಯುತ್ತವೆ. ಮೊದಲ ಲಕ್ಷಣ ಬಡಿತವಲ್ಲ. ನಿಧಾನ ವೇಗದಲ್ಲಿ, ಚಕ್ರಕ್ಕಿಂತ ಮೂರು ನಾಲ್ಕು ಪಟ್ಟು ಬೇಗನೆ ಮರುಕಳಿಸುವ ಹಕ್ಕಿಯ ಚಿಲಿಪಿಲಿಯಂತಹ ಕಿರುಸದ್ದು ಮೊದಲು ಕೇಳಿಸುತ್ತದೆ. ಶಾಫ್ಟ್ ಚಕ್ರಕ್ಕಿಂತ ಅಷ್ಟು ಪಟ್ಟು ವೇಗವಾಗಿ ತಿರುಗುವುದೇ ಇದಕ್ಕೆ ಕಾರಣ. ಈ ಹಂತದಲ್ಲಿ ಬಟ್ಟಲಿನ ಅಂಚಿನಲ್ಲಿ ತುಕ್ಕಿನ ಕೆಂಪು ಪುಡಿ ಕಾಣಬಹುದು. ಬಡಿತ ಮತ್ತು ವೇಗದಲ್ಲಿ ನಡುಕ ಆಮೇಲೆ ಬರುತ್ತವೆ. ಬಡಿಯುತ್ತಿದ್ದ ಕ್ರಾಸ್‌ಗೆ ಗ್ರೀಸ್ ತುಂಬಿದರೆ ಸದ್ದು ಕೆಲವು ದಿನ ಅಡಗುತ್ತದೆಯಾದರೂ ಕೊರೆದ ಗೀರು ಮತ್ತೆ ತುಂಬಿಕೊಳ್ಳುವುದಿಲ್ಲ.

ನಿರ್ಲಕ್ಷಿಸಿದ ಕ್ರಾಸ್ ಓಟದಲ್ಲೇ ಮುರಿಯಬಹುದು. ಮುಂದಿನ ಜಾಯಿಂಟ್ ಮುರಿದರೆ ಶಾಫ್ಟ್‌ನ ಮುಂತುದಿ ರಸ್ತೆಗೆ ಬಿದ್ದು ನೆಲಕ್ಕೆ ನಾಟಿಕೊಳ್ಳುವ ಸಾಧ್ಯತೆ ಇದೆ. ಕಡಿಮೆ ಜನರ ಗಮನಕ್ಕೆ ಬರುವ ಇನ್ನೊಂದು ಅಪಾಯವೂ ಇದೆ. ವಾಹನವನ್ನು ಗೇರಿನಲ್ಲಿ ನಿಲ್ಲಿಸಿದಾಗ, ಅಥವಾ ಆಟೊಮ್ಯಾಟಿಕ್ ವಾಹನದ ‘ಪಾರ್ಕ್’ ಸ್ಥಾನದಲ್ಲಿ, ಹಿಡಿದಿಟ್ಟುಕೊಳ್ಳುವುದು ಗೇರ್‌ಬಾಕ್ಸ್ ಮಾತ್ರ. ಶಾಫ್ಟ್ ಕಳಚಿದ ಕ್ಷಣದಲ್ಲಿ ಆ ಹಿಡಿತ ಹಿಂದಿನ ಚಕ್ರಗಳಿಗೆ ತಲುಪುವುದಿಲ್ಲ. ಇಳಿಜಾರಿನಲ್ಲಿ ಪರೀಕ್ಷೆಗೆಂದು ಶಾಫ್ಟ್ ಬಿಚ್ಚುವವರ ಮೇಲೆಯೇ ವಾಹನ ಉರುಳಬಹುದು. ಸಮತಟ್ಟಾದ ಗಟ್ಟಿ ನೆಲ, ಚಕ್ರಗಳ ಎರಡೂ ಬದಿಗೆ ಅಡ್ಡಗಟ್ಟೆ, ಎತ್ತಿದ ವಾಹನಕ್ಕೆ ಜಾಕ್‌ನ ಬದಲು ಸ್ಟ್ಯಾಂಡ್‌ಗಳ ಆಧಾರ, ಇವಿಲ್ಲದೆ ಮುಂದಿನ ಪರೀಕ್ಷೆಗಳನ್ನು ಮಾಡಬಾರದು.

ಕೈಯಿಂದ ಪರೀಕ್ಷೆ

ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟ ಮೇಲೆ ಗೇರನ್ನು ನ್ಯೂಟ್ರಲ್‌ಗೆ ತಂದು ಜಾಯಿಂಟ್‌ನ ಒಂದು ಯೋಕನ್ನು ಒಂದು ಕೈಯಲ್ಲಿ, ಇನ್ನೊಂದನ್ನು ಮತ್ತೊಂದು ಕೈಯಲ್ಲಿ ಹಿಡಿದು ಎದುರುಬದುರಾಗಿ ತಿರುಚಬೇಕು. ಬಳಿಕ ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಬೇಕು. ಸರಿಯಿರುವ ಕ್ರಾಸ್‌ನಲ್ಲಿ ಎರಡು ಯೋಕ್‌ಗಳ ನಡುವೆ ಕೈಗೆ ಸಿಗುವಷ್ಟು ಸಡಿಲ ಇರುವುದಿಲ್ಲ. ಸ್ವಲ್ಪವೇ ಅಲುಗಿದರೂ ಅದನ್ನು ಬದಲಿಸಬೇಕು. ಶಾಫ್ಟ್ ಬಿಚ್ಚಿದಾಗ ಮಾತ್ರ ತಿಳಿಯುವ ದೋಷವೂ ಉಂಟು: ಕ್ರಾಸ್ ಒಂದು ದಿಕ್ಕಿನಲ್ಲಿ ಬಿಗಿಯಾಗಿ, ಹಂತಹಂತವಾಗಿ ಸಿಕ್ಕಿಕೊಂಡಂತೆ ತಿರುಗುವುದು.

ಆದರೆ ಇಡೀ ಶಾಫ್ಟ್ ಹಿಂದೆ ಮುಂದೆ ಕೊಂಚ ತಿರುಗಿದ ಮಾತ್ರಕ್ಕೆ ಡಿಫರೆನ್ಷಿಯಲ್ ಕೆಟ್ಟಿದೆ ಎನ್ನುವಂತಿಲ್ಲ, ಮತ್ತು ದುಬಾರಿ ತಪ್ಪುಗಳು ಹೆಚ್ಚಾಗಿ ಆಗುವುದು ಇಲ್ಲಿಯೇ. ಕ್ರೌನ್ ಚಕ್ರಕ್ಕೂ ಪಿನಿಯನ್‌ಗೂ ನಡುವಿನ ಸಡಿಲ ಹಲವು ವಾಹನಗಳಲ್ಲಿ ಸುಮಾರು 0.15ರಿಂದ 0.25 ಮಿಲಿಮೀಟರ್‌ನಷ್ಟು ಬೇಕೆಂದೇ ಇಟ್ಟಿರುತ್ತಾರೆ. ಒಳಗಿನ ಸಣ್ಣ ಗೇರುಗಳ ಸಡಿಲ ಇದಕ್ಕೆ ಸೇರುತ್ತದೆ. ಅಚ್ಚಿನ ಅನುಪಾತ 4 ಇದ್ದರೆ ಚಕ್ರದ ಕಡೆಯ 2 ಡಿಗ್ರಿ ಸಡಿಲ ಶಾಫ್ಟ್‌ನಲ್ಲಿ 8 ಡಿಗ್ರಿಯಾಗಿ ಹಿಗ್ಗಿ ಕಾಣುತ್ತದೆ. ನಿಜವಾದ ತೀರ್ಮಾನಕ್ಕೆ ಹಿಂದಿನ ಕವಚ ತೆಗೆದು ಕ್ರೌನ್ ಚಕ್ರದ ಹಲ್ಲಿಗೆ ಡಯಲ್ ಗೇಜ್ ಇಟ್ಟು ಅಳೆದು, ತಯಾರಕರ ಕೈಪಿಡಿಯ ಮಿತಿಯೊಂದಿಗೆ ಹೋಲಿಸಬೇಕು. ಎಣ್ಣೆಯಲ್ಲಿ ಲೋಹದ ಚೂರುಗಳಿದ್ದರೆ, ಅಥವಾ ಪಿನಿಯನ್ ಯೋಕನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿದಾಗ ಅದು ಅಲುಗಿದರೆ ಅನುಮಾನಕ್ಕೆ ಗಟ್ಟಿ ಆಧಾರ ಸಿಕ್ಕಂತೆ. ಸವೆದ ಡಿಫರೆನ್ಷಿಯಲ್ ಬಡಿಯುವುದಕ್ಕಿಂತ ಊಳಿಡುವುದೇ ಹೆಚ್ಚು.

ಜಾರುವ ಯೋಕ್

ಹಿಂದಿನ ಅಚ್ಚು ಕಮಾನು ಪಟ್ಟಿಗಳ ಮೇಲೆ ಏರಿಳಿದಂತೆ ಶಾಫ್ಟ್‌ನ ಉದ್ದ ಹೆಚ್ಚುಕಡಿಮೆಯಾಗಬೇಕಾಗುತ್ತದೆ. ಇದಕ್ಕಾಗಿ ಒಂದು ಯೋಕ್ ಸ್ಪ್ಲೈನ್ ಹಲ್ಲುಗಳ ಮೇಲೆ ಜಾರುತ್ತದೆ. ಹಲ್ಲುಗಳಲ್ಲಿ ಗ್ರೀಸ್ ತೀರಿದರೆ ಯೋಕ್ ತಿರುಚುಬಲದ ಒತ್ತಡದಲ್ಲಿ ಅಂಟಿಕೊಂಡು, ಒತ್ತಡ ಬಿಟ್ಟಾಗ ಥಟ್ಟನೆ ಸರಿಯುತ್ತದೆ. ವಾಹನ ಪೂರ್ತಿ ನಿಂತ ಮರುಕ್ಷಣ, ಅಥವಾ ಬ್ರೇಕ್ ಬಿಟ್ಟು ಹೊರಟ ಮೊದಲ ಕ್ಷಣದಲ್ಲಿ, ಹಿಂದಿನಿಂದ ಯಾರೋ ಮೆಲ್ಲಗೆ ಗುದ್ದಿದಂತೆ ಅನಿಸುವುದು ಇದರ ವಿಶಿಷ್ಟ ಲಕ್ಷಣ. ಇಲ್ಲಿ ಯಾವ ಭಾಗವೂ ಸವೆದಿರದೆ ಇರಬಹುದು. ಉತ್ತರ ಅಮೆರಿಕದ ದೊಡ್ಡ ಪಿಕಪ್‌ಗಳಲ್ಲಿ ಇದು ಬಹುಕಾಲದ ದೂರು. ಟೆಫ್ಲಾನ್ ಬೆರೆತ ಗ್ರೀಸ್ ಮತ್ತು ನಿಕಲ್ ಲೇಪಿತ ಯೋಕ್ ಅಲ್ಲಿ ಬಳಕೆಗೆ ಬಂದ ಪರಿಹಾರಗಳು. ಯೋಕ್ ಕಳಚುವ ಮೊದಲು ಎರಡೂ ತುಂಡುಗಳ ಮೇಲೆ ಗುರುತು ಹಾಕುವುದು ಅಗತ್ಯ. ಶಾಫ್ಟ್‌ನ ಎರಡು ತುದಿಗಳ ಯೋಕ್‌ಗಳು ಪರಸ್ಪರ ನೇರದಲ್ಲಿದ್ದರೆ ಮಾತ್ರ ಒಂದು ಜಾಯಿಂಟ್ ಉಂಟುಮಾಡುವ ವೇಗದ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಒಂದು ಹಲ್ಲು ತಪ್ಪಿ ಜೋಡಿಸಿದರೂ ಬಡಿತದ ಜಾಗದಲ್ಲಿ ನಡುಕ ಹುಟ್ಟಬಹುದು.

ಸರಣಿಯ ಹೊರಗಿನ ಕಾರಣಗಳು

ಅಚ್ಚನ್ನು ಕಮಾನು ಪಟ್ಟಿಗೆ ಬಿಗಿಯುವ ಯು-ಬೋಲ್ಟ್ ಸಡಿಲವಾದಾಗ, ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟ್ ತುಂಡಾದಾಗ ಇಡೀ ಅಚ್ಚೇ ಸರಿದು ಬಡಿಯುತ್ತದೆ. ಹೊಳೆಯುವ ಹೊಸ ಉಜ್ಜುಗುರುತು ಇದರ ಸಾಕ್ಷಿ. ಸವೆದ ಬುಷ್‌ಗಳು ರಸ್ತೆಯ ಉಬ್ಬುತಗ್ಗಿನಲ್ಲೂ ಸದ್ದು ಮಾಡುವುದರಿಂದ ಅವನ್ನು ಬೇರ್ಪಡಿಸುವುದು ಸುಲಭ. ಎಂಜಿನ್ ಅಥವಾ ಗೇರ್‌ಬಾಕ್ಸ್‌ನ ರಬ್ಬರ್ ಆಧಾರ ಹರಿದಿದ್ದರೆ, ಬ್ರೇಕ್ ಒತ್ತಿ ಹಿಡಿದು ರಿವರ್ಸ್ ಮತ್ತು ಮುಂಗೇರುಗಳ ನಡುವೆ ಬದಲಿಸಿದಾಗ ಎಂಜಿನ್ ಒಂದು ಬದಿಗೆ ಏಳುವುದನ್ನು ಬಾನೆಟ್ ತೆರೆದು ನೋಡಬಹುದು; ನೋಡುವವರು ವಾಹನದ ಪಕ್ಕದಲ್ಲಿರಬೇಕು, ಎದುರಿಗಲ್ಲ. ಎರಡು ತುಂಡಿನ ಶಾಫ್ಟ್‌ಗಳಲ್ಲಿ ನಡುವಿನ ಬೇರಿಂಗ್‌ನ ರಬ್ಬರನ್ನೂ ಪರಿಶೀಲಿಸಬೇಕು.

ನಾಲ್ಕು ಚಕ್ರ ಚಾಲನೆಯ ಪಿಕಪ್‌ಗಳಲ್ಲಿ ತಿರುವಿನಲ್ಲಿ ಮಾತ್ರ ಬರುವ ಟಕ್‌ಟಕ್ ಸದ್ದು ಮುಂದಿನ ಸ್ಥಿರವೇಗದ ಜಾಯಿಂಟ್‌ಗಳ ಕಡೆಗೆ ಬೆರಳು ಮಾಡುತ್ತದೆ. ನಡುವೆ ಡಿಫರೆನ್ಷಿಯಲ್ ಇಲ್ಲದ ವ್ಯವಸ್ಥೆಗಳಲ್ಲಿ ಒಣ ಡಾಂಬರಿನ ಮೇಲೆ ನಾಲ್ಕು ಚಕ್ರ ಚಾಲನೆಯಲ್ಲಿ ತಿರುಗಿದರೆ ಶಾಫ್ಟ್‌ಗಳಲ್ಲಿ ತಿರುಚು ಸಂಗ್ರಹವಾಗುತ್ತದೆ. ಮತ್ತೆ ಎರಡು ಚಕ್ರಕ್ಕೆ ಬದಲಿಸಿದಾಗ ಕೇಳುವ ಜೋರಾದ ಬಡಿತ ಆ ತಿರುಚು ಬಿಡಿಸಿಕೊಂಡದ್ದು, ಬಿಡಿಭಾಗದ ದೋಷವಲ್ಲ.