ಝೂಮ್ ಲೆನ್ಸಿನ ಕೊಡು ಕೊಳ್ಳು ಲೆಕ್ಕ

ಕ್ಯಾಮೆರಾ ಕೊಂಡವರಿಗೆ ಒಂದೆರಡು ಪ್ರವಾಸ ಮುಗಿಯುವಷ್ಟರಲ್ಲಿ ಸಣ್ಣದೊಂದು ಅಸಮಾಧಾನ ಶುರುವಾಗುತ್ತದೆ. ಕ್ಯಾಮೆರಾದ ಜೊತೆಯಲ್ಲೇ ಬಂದ ಲೆನ್ಸ್ ಸಾಲದು ಎನ್ನಿಸುತ್ತದೆ. ಬೆಟ್ಟದ ಸಾಲು ಚೌಕಟ್ಟಿನಲ್ಲಿ ಪೂರ್ತಿ ಹಿಡಿಸುವುದಿಲ್ಲ. ಹೊಳೆಯಾಚೆಯ ಗೋಪುರ ಬೆರಳಿನುದ್ದವೂ ಕಾಣುವುದಿಲ್ಲ. ಸಂಜೆಯಾದರೆ ಚಿತ್ರವೆಲ್ಲ ಅಲುಗಿದಂತಿರುತ್ತದೆ. ಇದಕ್ಕಿಂತ ಒಳ್ಳೆಯದು ಬೇಕೆಂದು ಅಂಗಡಿಗೆ ಹೋದರೆ ಎದುರಾಗುವುದು ಅಂಕಿಗಳ ಸಂತೆ. 24-70, 24-105, 16-35, 28-200. ಬೆಲೆಯೋ ಹಲವರ ತಿಂಗಳ ಸಂಬಳವನ್ನು ಮೀರುವಂಥದು. ಯಾವುದನ್ನು ಆರಿಸಬೇಕು? ಈ ಪ್ರಶ್ನೆಗೆ ಉತ್ತರ ಕಂಪನಿಗಳ ಜಾಹೀರಾತಿಗಿಂತ ಆ ಲೆನ್ಸಿನ ಚರಿತ್ರೆಯಲ್ಲಿ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ. ಏಕೆಂದರೆ ಝೂಮ್ ಲೆನ್ಸಿನ ಚರಿತ್ರೆಯೆಂದರೆ ಒಂದನ್ನು ಕೊಟ್ಟು ಇನ್ನೊಂದನ್ನು ಕೊಂಡ ವ್ಯವಹಾರದ ಚರಿತ್ರೆ.

ಮೊದಲು ಅಂಕಿಗಳ ಅರ್ಥ. ಬಹುದೂರದ ವಸ್ತುವಿನಿಂದ ಬರುವ ಬೆಳಕನ್ನು ಮಸೂರ ಎಷ್ಟು ದೂರದಲ್ಲಿ ಒಂದೆಡೆ ಕೂಡಿಸುತ್ತದೆಯೋ ಅದು ಅದರ ನಾಭಿದೂರ. ಇದನ್ನು ಮಿಲಿಮೀಟರಿನಲ್ಲಿ ಹೇಳುವುದು ರೂಢಿ. ನಾಭಿದೂರ ಕಡಿಮೆಯಾದಷ್ಟೂ ನೋಟ ಅಗಲ. ಹೆಚ್ಚಾದಷ್ಟೂ ನೋಟ ಕಿರಿದು, ವಸ್ತು ದೊಡ್ಡದು. ಹಳೆಯ 35 ಮಿ.ಮೀ. ಫಿಲಂ ಕ್ಯಾಮೆರಾದಲ್ಲಿ 28 ಮಿ.ಮೀ. ಲೆನ್ಸು ಮೂಲೆಯಿಂದ ಮೂಲೆಗೆ ಸುಮಾರು 75 ಡಿಗ್ರಿಯಷ್ಟು ಕಂಡರೆ, 50 ಮಿ.ಮೀ. ಸುಮಾರು 46 ಡಿಗ್ರಿ, 200 ಮಿ.ಮೀ. ಕೇವಲ 12 ಡಿಗ್ರಿ. ಝೂಮ್ ಲೆನ್ಸೆಂದರೆ ಈ ನಾಭಿದೂರವನ್ನು ಬಳೆ ತಿರುಗಿಸಿ ಬದಲಿಸಬಹುದಾದ ಲೆನ್ಸು.

ಛಾಯಾಗ್ರಹಣದ ಮೊದಲ ನೂರು ವರ್ಷ ಸಾಮಾನ್ಯ ಛಾಯಾಗ್ರಾಹಕನಿಗೆ ಈ ಅನುಕೂಲ ಇರಲಿಲ್ಲ. ಒಂದು ಲೆನ್ಸು, ಒಂದು ನೋಟ. 1856ರಲ್ಲಿ ಹಂಪಿಯ ಅವಶೇಷಗಳನ್ನು ಚಿತ್ರಿಸಿದ ಅಲೆಕ್ಸಾಂಡರ್ ಗ್ರೀನ್‌ಲಾ ಮದ್ರಾಸ್ ಸೈನ್ಯದ ಅಧಿಕಾರಿ. ಮೇಣ ಹಚ್ಚಿದ ದೊಡ್ಡ ಕಾಗದವೇ ಆತನ ನೆಗೆಟಿವ್. ಚಿತ್ರ ದೊಡ್ಡದಾಗಿ ಬೇಕೆಂದರೆ ನೆಗೆಟಿವ್ ಕೂಡ ಅಷ್ಟೇ ದೊಡ್ಡದಿರಬೇಕು, ಅದಕ್ಕೆ ತಕ್ಕ ಪೆಟ್ಟಿಗೆ ಬೇಕು. ಹತ್ತಿರದ ನೋಟ ಬೇಕಾದರೆ ಆ ಪೆಟ್ಟಿಗೆಯನ್ನು ಹೊರಿಸಿಕೊಂಡು ಬಂಡೆ ದಾಟಿ ಹತ್ತಿರ ಹೋಗಬೇಕು. ಹತ್ತು ವರ್ಷಗಳ ಬಳಿಕ, 1866ರಲ್ಲಿ, ಹಿಮಾಲಯದ ಮಣಿರಂಗ್ ಕಣಿವೆದಾರಿಯಲ್ಲಿ 18,600 ಅಡಿ ಎತ್ತರದಲ್ಲಿ ಚಿತ್ರ ತೆಗೆದ ಸ್ಯಾಮ್ಯುಯೆಲ್ ಬೋರ್ನನ ಹಿಂದೆ ಗಾಜಿನ ಫಲಕ, ರಾಸಾಯನಿಕ, ಡೇರೆ ಹೊತ್ತ ಹಮಾಲರ ದೊಡ್ಡ ಸಾಲೇ ಇತ್ತು. ಪ್ರವಾಸದ ಛಾಯಾಗ್ರಹಣಕ್ಕೆ ಹೊರೆಯ ಸಮಸ್ಯೆ ಹುಟ್ಟಿನಿಂದಲೇ ಅಂಟಿಕೊಂಡದ್ದು.

ಮುಂದೆ ಕ್ಯಾಮೆರಾಗಳು ಚಿಕ್ಕದಾದವು, ಲೆನ್ಸುಗಳನ್ನು ಬದಲಿಸಿ ಹಾಕುವ ವ್ಯವಸ್ಥೆ ಬಂತು. ಸಿನಿಮಾದವರಂತೂ ಮೂರು ನಾಲ್ಕು ಲೆನ್ಸುಗಳನ್ನು ಒಂದು ತಿರುಗುವ ತಟ್ಟೆಗೆ ಜೋಡಿಸಿಕೊಂಡರು. ಆದರೆ ಒಂದು ನೋಟದಿಂದ ಇನ್ನೊಂದಕ್ಕೆ ಜಿಗಿಯಬಹುದಿತ್ತೇ ಹೊರತು ಜಾರುವಂತಿರಲಿಲ್ಲ. ನಾಭಿದೂರ ಬದಲಿಸುವ ಲೆನ್ಸಿನ ಕಲ್ಪನೆ ಹಳೆಯದೇ. ಅಮೆರಿಕದ ಕ್ಲೈಲ್ ಅಲೆನ್ ಎಂಬಾತ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಬಳಕೆಗೆ ಬಂದ ಹೆಸರಾಂತ ಲೆನ್ಸೆಂದರೆ 1932ರ ಕುಕ್ ವಾರೊ. ಇಂಗ್ಲೆಂಡಿನ ಟೇಲರ್, ಟೇಲರ್ ಅಂಡ್ ಹಾಬ್ಸನ್ ಸಂಸ್ಥೆ ತಯಾರಿಸಿದ ಈ 40-120 ಮಿ.ಮೀ. ಲೆನ್ಸು ಸಿನಿಮಾ ಕ್ಯಾಮೆರಾಕ್ಕೆ ಮೀಸಲಾಗಿತ್ತು.

ಇಂಥ ಲೆನ್ಸು ಬೇಗ ಹರಡದಿರಲು ಮುಖ್ಯ ಕಾರಣ ಗಾಜಿನ ಹೊಳಪು. ಬೆಳಕು ಗಾಳಿಯಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ದಾಟುವಾಗಲೆಲ್ಲ ಶೇಕಡ 4ರಷ್ಟು ಪ್ರತಿಫಲಿಸಿ ಹಿಂದಿರುಗುತ್ತದೆ. ಎರಡೇ ಗಾಜಿನ ಲೆನ್ಸಿಗೆ ಇದೊಂದು ದೊಡ್ಡ ನಷ್ಟವಲ್ಲ. ಆದರೆ ಝೂಮ್ ಲೆನ್ಸಿಗೆ ಹತ್ತಾರು ಗಾಜು ಬೇಕು. ಇಪ್ಪತ್ತು ಮೈ ದಾಟುವಷ್ಟರಲ್ಲಿ ಉಳಿಯುವ ಬೆಳಕು ಅರ್ಧಕ್ಕಿಂತ ಕಡಿಮೆ. ಹೋದದ್ದು ಹೋಗಲಿ ಎನ್ನುವಂತೆಯೂ ಇಲ್ಲ; ಅದರಲ್ಲಿ ಒಂದಿಷ್ಟು ಒಳಗೊಳಗೇ ಪುಟಿದು ಚಿತ್ರದ ಮೇಲೆ ಮಂಜಿನಂತೆ ಹರಡುತ್ತದೆ. 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಕುಲಾ ಗಾಜಿಗೆ ತೆಳು ಲೇಪ ಕೊಟ್ಟು ಈ ಪ್ರತಿಫಲನವನ್ನು ತಗ್ಗಿಸುವ ವಿಧಾನ ಕಂಡುಹಿಡಿದ. ಲೆನ್ಸಿನ ಮುಖದಲ್ಲಿ ನಾವು ಕಾಣುವ ನೇರಳೆ, ಹಸಿರು ಛಾಯೆ ಅಂಥ ಲೇಪದ್ದೇ. ಈ ಲೇಪ ಇರದಿದ್ದರೆ ಝೂಮ್ ಲೆನ್ಸು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯುತ್ತಿತ್ತು.

ಎರಡನೆಯ ತೊಡಕು ಯಂತ್ರದ್ದು. ಒಳಗಿನ ಗಾಜಿನ ಗುಂಪೊಂದನ್ನು ಹಿಂದೆ ಮುಂದೆ ಸರಿಸಿದರೆ ನಾಭಿದೂರ ಬದಲಾಗುತ್ತದೆ, ನಿಜ. ಆದರೆ ಹಾಗೆ ಸರಿಸಿದ ಕೂಡಲೇ ಚಿತ್ರ ಮಸುಕಾಗುತ್ತದೆ. ಅದನ್ನು ಸರಿಪಡಿಸಲು ಇನ್ನೊಂದು ಗುಂಪು ಬೇರೆಯದೇ ವೇಗದಲ್ಲಿ ಚಲಿಸಬೇಕು. ವಿಯೆನ್ನಾದಿಂದ ಬಂದು ಅಮೆರಿಕದಲ್ಲಿ ನೆಲೆಸಿದ ಫ್ರಾಂಕ್ ಬ್ಯಾಕ್ ತನ್ನ 'ಝೂಮರ್' ಲೆನ್ಸಿನಲ್ಲಿ ಗುಂಪುಗಳನ್ನು ಒಟ್ಟಿಗೆ ಬಿಗಿದು ಒಂದೇ ಎಳೆತಕ್ಕೆ ಚಲಿಸುವಂತೆ ಮಾಡಿದ. 1947ರಲ್ಲಿ ಅಮೆರಿಕದ ಬೇಸ್‌ಬಾಲ್ ಪಂದ್ಯಗಳ ಟೆಲಿವಿಷನ್ ಪ್ರಸಾರದಲ್ಲಿ ಈ ಲೆನ್ಸು ಮನೆಮಾತಾಯಿತು. ಫ್ರಾನ್ಸಿನ ಪಿಯರ್ ಆಂಜಿನ್ಯೂ 1956ರಲ್ಲಿ ಬೇರೆ ದಾರಿ ಹಿಡಿದ. ಕೊಳವೆಯ ಮೈಯಲ್ಲಿ ಲೆಕ್ಕವಿಟ್ಟು ಕೊರೆದ ಬಾಗಿದ ಸೀಳುಗಳೊಳಗೆ ಗುಂಪುಗಳು ತಂತಮ್ಮ ಗತಿಯಲ್ಲಿ ಸರಿಯುವಂತೆ ಮಾಡಿದ. ಸೀಳು ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಕೆಡುತ್ತದೆ. ಒಳ್ಳೆಯ ಝೂಮ್ ಲೆನ್ಸಿಗೆ ನಾವು ಕೊಡುವ ಬೆಲೆಯಲ್ಲಿ ದೊಡ್ಡ ಪಾಲು ಈ ನಿಖರತೆಗೆ ಸಲ್ಲುತ್ತದೆ.

ಸ್ಥಿರಚಿತ್ರದ ಕ್ಯಾಮೆರಾಕ್ಕೆ ಝೂಮ್ ಬಂದದ್ದು 1959ರಲ್ಲಿ. ಅದೇ ಬ್ಯಾಕ್ ರೂಪಿಸಿದ, ಫಾಕ್ಟ್‌ಲೆಂಡರ್ ಹೆಸರಿನಲ್ಲಿ ಮಾರಾಟವಾದ 36-82 ಮಿ.ಮೀ. ಝೂಮರ್‌ನಲ್ಲಿ 14 ಗಾಜುಗಳಿದ್ದವು. ಸಾಮಾನ್ಯರ ಕೈಗೆಟುಕುವಂತೆ ಮಾಡಿದ್ದು 1963ರ ನಿಕಾನ್ 43-86. ಒಂಬತ್ತೇ ಗಾಜು, ಹಗುರ, ಅಗ್ಗ. ಅದು ಜನಪ್ರಿಯವೂ ಆಯಿತು, ಅಪಖ್ಯಾತಿಯನ್ನೂ ಗಳಿಸಿತು. ಅದರ ಚಿತ್ರಗಳಲ್ಲಿ ಅಂಚಿನ ನೇರ ಗೆರೆಗಳು ಡೊಂಕಾಗುತ್ತಿದ್ದವು. ಝೂಮ್ ಎಂದರೆ ಅನುಕೂಲ, ಸ್ಪಷ್ಟತೆ ಬೇಕಿದ್ದರೆ ಸ್ಥಿರ ನಾಭಿದೂರದ ಲೆನ್ಸೇ ಸರಿ ಎಂಬ ಅಭಿಪ್ರಾಯ ಬಲವಾಗಿ ಬೇರೂರಿತು. ಅದನ್ನು ಅಳಿಸಿದ್ದು ಕಂಪ್ಯೂಟರ್. 1840ರಲ್ಲಿ ಪೆಟ್ಸ್‌ವಾಲ್ ತನ್ನ ಪ್ರಸಿದ್ಧ ಲೆನ್ಸಿನ ಲೆಕ್ಕಕ್ಕೆ ಆಸ್ಟ್ರಿಯದ ಫಿರಂಗಿದಳದ ಗಣಿತ ಬಲ್ಲ ಸೈನಿಕರ ನೆರವು ಪಡೆದಿದ್ದ. ಅದೇ ಬಗೆಯ ಲೆಕ್ಕವನ್ನು ಯಂತ್ರ ಸಾವಿರಾರು ಸಲ ಮಾಡಿ ನೋಡುವಂತಾದ ಮೇಲೆ ಝೂಮ್ ಲೆನ್ಸಿನ ಗುಣಮಟ್ಟ ಬೇರೆಯೇ ಆಯಿತು.

ಆದರೂ ವ್ಯವಹಾರ ನಿಲ್ಲಲಿಲ್ಲ. 1992ರಲ್ಲಿ ಟಾಮ್ರಾನ್ ಸಂಸ್ಥೆ 28-200 ಮಿ.ಮೀ. ವ್ಯಾಪ್ತಿಯನ್ನು ಅಂಗೈಯಲ್ಲಿ ಹಿಡಿಸುವ ಗಾತ್ರಕ್ಕೆ ಇಳಿಸಿತು. ಪ್ರವಾಸಿಗೆ ಇದಕ್ಕಿಂತ ಬೇಕೇ? ಬೇಕಿತ್ತು. ಸುಮಾರು ಎರಡು ಮೀಟರಿಗಿಂತ ಹತ್ತಿರದ ವಸ್ತುವನ್ನು ಅದು ಸ್ಪಷ್ಟವಾಗಿ ಹಿಡಿಯುತ್ತಿರಲಿಲ್ಲ. ಉದ್ದದ ತುದಿಯಲ್ಲಿ ಬೆಳಕೂ ಕಡಿಮೆ. ವ್ಯಾಪ್ತಿ ಕೊಂಡವರು ಬೆಳಕನ್ನೂ ಅಂಚಿನ ಸ್ಪಷ್ಟತೆಯನ್ನೂ ಕೊಟ್ಟಿದ್ದರು. 1995ರಲ್ಲಿ ಕ್ಯಾನನ್ 75-300 ಮಿ.ಮೀ. ಲೆನ್ಸಿನೊಳಗೆ ಕೈನಡುಕವನ್ನು ಅರಿತು ಸರಿದೂಗಿಸುವ ಗಾಜಿನ ಗುಂಪನ್ನು ಕೂರಿಸಿತು. ಬೆಳಕಿನ ಕೊರತೆಗೆ ಇನ್ನೊಂದು ಪರಿಹಾರ ದೊರೆತಂತಾಯಿತು.

ಇನ್ನು ಅಂಗಡಿಯ ಪ್ರಶ್ನೆಗೆ ಬರೋಣ. ಅಪರ್ಚರ್ ಎಂಬ ಬೆಳಕಿಂಡಿಯನ್ನು ಸೂಚಿಸುವ ಎಫ್ ಅಂಕಿ 2.8 ಇದ್ದರೆ, 4 ಇರುವುದಕ್ಕಿಂತ ಎರಡು ಪಟ್ಟು ಬೆಳಕು ಒಳಬರುತ್ತದೆ. ಕ್ಯಾನನ್ನಿನ ಎರಡು ಹೆಸರಾಂತ ಲೆನ್ಸುಗಳನ್ನೇ ತಕ್ಕಡಿಗೆ ಹಾಕಿ. 2002ರ 24-70 ಎಫ್ 2.8 ಲೆನ್ಸಿನ ತೂಕ 950 ಗ್ರಾಂ. 2005ರ 24-105 ಎಫ್ 4 ಲೆನ್ಸಿನದು 670 ಗ್ರಾಂ. ಅದಕ್ಕೆ ನಡುಕ ತಡೆಯುವ ಸೌಲಭ್ಯವೂ ಉಂಟು, ವ್ಯಾಪ್ತಿಯೂ ಹೆಚ್ಚು. ನಿಸರ್ಗದೃಶ್ಯ ತೆಗೆಯುವವರು ಹತ್ತಿರದ ಬಂಡೆಯಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟವಾಗಿರಲೆಂದು ಕಿಂಡಿಯನ್ನು ಎಫ್ 8, ಎಫ್ 11ಕ್ಕೆ ಕಿರಿದು ಮಾಡುತ್ತಾರೆ. ಅಂಥವರಿಗೆ 2.8ರ ಕಿಂಡಿ ಸುಮ್ಮನೆ ಹೊರುವ ಗಾಜು. ಬೇಲೂರಿನ ನವರಂಗದ ಮಬ್ಬಿನಲ್ಲಿ ಕಂಬದ ಕೆತ್ತನೆ ತೆಗೆಯಬೇಕೆಂದರೂ, ಕಲ್ಲು ಅಲುಗುವುದಿಲ್ಲವಾದ್ದರಿಂದ, ನಡುಕ ತಡೆಯುವ ಲೆನ್ಸು ಸಾಕು. ಆದರೆ ಅದೇ ಮಬ್ಬಿನಲ್ಲಿ ಮಂಗಳಾರತಿ ಹಿಡಿದು ನಡೆದುಬರುವ ಮನುಷ್ಯನ ಚಲನೆಯನ್ನು ಆ ಸೌಲಭ್ಯ ನಿಲ್ಲಿಸಲಾರದು. ಅಲ್ಲಿ ಬೇಕಾದದ್ದು ದೊಡ್ಡ ಕಿಂಡಿಯೇ. ಜನರನ್ನು ತೆಗೆಯುವಿರೋ ಕಲ್ಲು ಮಣ್ಣು ನೀರನ್ನೋ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ಅರ್ಧ ಗೊಂದಲ ತೀರಿತು.

ಇನ್ನೊಂದು ಮೋಸದ ಮೆಟ್ಟಿಲು ಕ್ಯಾಮೆರಾದ ಒಳಗಿದೆ. ಅನೇಕ ಡಿಜಿಟಲ್ ಕ್ಯಾಮೆರಾಗಳ ಬೆಳಕು ಹಿಡಿಯುವ ಫಲಕ, ಅಂದರೆ ಸೆನ್ಸರ್, ಹಳೆಯ ಫಿಲಮ್ಮಿಗಿಂತ ಚಿಕ್ಕದು. ಚಿಕ್ಕ ಫಲಕ ಚಿತ್ರದ ನಡುಭಾಗವನ್ನಷ್ಟೇ ಹಿಡಿಯುತ್ತದೆ. ಕ್ಯಾನನ್ನಿನ ಚಿಕ್ಕ ಫಲಕಕ್ಕೆ ಲೆಕ್ಕ 1.6 ಪಟ್ಟು. ಕ್ಯಾಮೆರಾದೊಡನೆ ಬರುವ 18-55ರ ಅಗಲದ ತುದಿ ಅಲ್ಲಿ ಸುಮಾರು 29 ಮಿ.ಮೀ.ಗೆ ಸಮ. 'ಮೇಲ್ದರ್ಜೆ' ಎಂದು 24-105 ಕೊಂಡರೆ ಅದು 38-168 ಆಗಿಬಿಡುತ್ತದೆ. ಬೆಟ್ಟದ ಸಾಲು ಹಿಡಿಸುವುದಿಲ್ಲವೆಂದು ಹಣ ಸುರಿದವರಿಗೆ ಮೊದಲಿಗಿಂತಲೂ ಕಿರಿದಾದ ನೋಟ! 2009ರಲ್ಲಿ ಬಂದ 15-85ರಂಥ ಲೆನ್ಸುಗಳು ಈ ಚಿಕ್ಕ ಫಲಕಕ್ಕಾಗಿಯೇ ರೂಪುಗೊಂಡವು. ಹಾಗಾಗಿ ಈಗಿರುವ ಚಿತ್ರಗಳನ್ನೇ ಒಮ್ಮೆ ತಿರುವಿ ನೋಡಿ. ಹೆಚ್ಚಿನವು ಅಗಲದ ತುದಿಯಲ್ಲಿ ತೆಗೆದವಾಗಿದ್ದರೆ ನಿಮಗೆ ಬೇಕಾದದ್ದು ಇನ್ನೂ ಅಗಲ. ಉದ್ದದ ತುದಿಯಲ್ಲಾದರೆ ಇನ್ನೂ ಉದ್ದ. ಡಿಜಿಟಲ್ ಚಿತ್ರಗಳಲ್ಲಿ ಈ ಅಂಕಿ ಸಾಮಾನ್ಯವಾಗಿ ತಾನಾಗಿಯೇ ದಾಖಲಾಗಿರುತ್ತದೆ.

ಕೊನೆಯದಾಗಿ, ಯಾವ ಲೆನ್ಸೂ ಕೊಡಲಾರದ್ದು ಒಂದಿದೆ. ಹತ್ತಿರದ ವಸ್ತುವಿಗೂ ಹಿಂದಿನ ವಸ್ತುವಿಗೂ ಇರುವ ಗಾತ್ರದ ಸಂಬಂಧವನ್ನು ನಿರ್ಧರಿಸುವುದು ಝೂಮ್ ಬಳೆಯಲ್ಲ, ನಾವು ನಿಂತ ಜಾಗ. ವಿಠ್ಠಲ ದೇವಾಲಯದ ಕಲ್ಲಿನ ರಥದ ಬಳಿ ನಿಂತರೆ ರಥ ದೈತ್ಯ, ಹಿಂದಿನ ಮಂಟಪ ಕಿರಿದು. ದೂರ ಸರಿದು ಉದ್ದದ ತುದಿಯಿಂದ ನೋಡಿದರೆ ಎರಡೂ ಒತ್ತೊತ್ತಾಗಿ ನಿಂತಂತೆ ಕಾಣುತ್ತವೆ. ನಿಂತಲ್ಲೇ ನಿಂತು ಬಳೆ ತಿರುಗಿಸಿದರೆ ಈ ಸಂಬಂಧ ಬದಲಾಗದು, ಚೌಕಟ್ಟು ಮಾತ್ರ ಬದಲಾಗುತ್ತದೆ. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾನ ಹಂಪಿಯ ನೋಟಗಳನ್ನು ಮತ್ತೆ ತೆಗೆದಾಗ ಮಾಡಬೇಕಾಗಿದ್ದ ಮೊದಲ ಕೆಲಸ ಆತ ನಿಂತ ಜಾಗ ಹುಡುಕುವುದು. 1856ರ ಚಿತ್ರದಲ್ಲಿ ಆ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಇಂದಿನ ರಥಕ್ಕೆ ಅದಿಲ್ಲ. ಐವತ್ತು ರೂಪಾಯಿ ನೋಟಿನ ಮೇಲೆ ನಾವು ಕಾಣುವುದೂ ಗೋಪುರವಿಲ್ಲದ ರಥವನ್ನೇ. ಹೋದ ಗೋಪುರವನ್ನು ನಮಗೆ ಉಳಿಸಿಕೊಟ್ಟದ್ದು ಬಳೆ ತಿರುಗಿಸಲು ಬಾರದ ಒಂದು ಲೆನ್ಸು, ಮತ್ತು ಆ ಹೊರೆಯೊಡನೆ ಸರಿಯಾದ ಜಾಗಕ್ಕೆ ನಡೆದುಹೋದ ಒಬ್ಬ ಮನುಷ್ಯ. ಆದ್ದರಿಂದ ಲೆನ್ಸನ್ನು ಆರಿಸುವಾಗ ವ್ಯಾಪ್ತಿ, ಬೆಳಕು, ಬೆಲೆಗಳ ಜೊತೆಗೆ ಇದನ್ನೂ ಕೇಳಿಕೊಳ್ಳುವುದು ಒಳ್ಳೆಯದು: ಇದನ್ನು ಹೊತ್ತು ನಾನು ದಿನವಿಡೀ ನಡೆಯಬಲ್ಲೆನೇ? ನಡೆಯಲಾರೆ ಎಂದಾದರೆ ಅದು ಎಷ್ಟೇ ಒಳ್ಳೆಯ ಲೆನ್ಸಾದರೂ ನಮ್ಮ ಪಾಲಿಗೆ ದುಬಾರಿಯೇ.